ಎಪ್ಪತ್ನಾಲ್ಕರ ಜಾಡಿ

ನಮ್ಮಕ್ಕ ಜಗದಾಂಬಾ ಕಾಫಿ ಬೇಡ ಅಂದಾಗಲೇ ನನಗೆ ಅನುಮಾನ ಬರಬೇಕಿತ್ತು. ಬೇಡ ಅನ್ನುವ ಪೈಕಿಯಲ್ಲ ಅವಳು. ಶಿವಮೊಗ್ಗದಿಂದ ಬಸ್ಸು ಹತ್ತಿ ಭದ್ರಾವತಿಗೆ ಬಂದರೆ, ನ್ಯೂಟೌನಿನ ನಮ್ಮ ಕ್ವಾರ್ಟರ್ಸಿನ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ "ನೀಲೂ, ಒಂದು ಲೋಟ ಕಾಫಿ ಇಡೆ" ಅನ್ನುವವಳು. ಕಾಫಿ ಮುಗಿದ ಮೇಲೆ ಎಲೆ ಅಡಿಕೆ, ಅದು ಮುಗಿದ ಮೇಲೆ ಊರ ಮಾತು. ಅವತ್ತು, ತೊಂಬತ್ತೊಂಬತ್ತರ ಫೆಬ್ರವರಿಯಲ್ಲಿ, ಕಾಫಿ ಬೇಡ ಅಂದಳು, ಎಲೆ ಅಡಿಕೆ ಬೇಡ ಅಂದಳು. ಉಪ್ಪಿಟ್ಟಿನಲ್ಲಿ ಈರುಳ್ಳಿ ಕಂಡು ತಟ್ಟೆಯನ್ನೇ ಆಚೆ ಸರಿಸಿದಳು. ಕೂತಲ್ಲಿ ಕೂರುತ್ತಿಲ್ಲ, ಕಾಲು ಸುಟ್ಟ ಬೆಕ್ಕಿನ ಹಾಗೆ ಅಡುಗೆಮನೆಗೂ ಹಜಾರಕ್ಕೂ ತಿರುಗುತ್ತಿದ್ದಾಳೆ. ನನಗೆ ಮೊದಲೇ ತಾಳ್ಮೆ ಕಮ್ಮಿ. "ಏನಾಗಿದೆ ನಿಂಗೆ, ಬಾಯಿ ಬಿಟ್ಟು ಹೇಳು" ಅಂತ ಗದರಿದೆ.

ಅವಳು ಹೇಳಿದ್ದನ್ನು ಹೇಳುವ ಮೊದಲು ಅವಳ ಮನೆಯ ವಿಷಯ ಹೇಳಬೇಕು, ಇಲ್ಲದಿದ್ದರೆ ಈ ಕಾಫಿಯ ಗಲಾಟೆ ನಿಮಗೆ ಅರ್ಥವಾಗುವುದಿಲ್ಲ. ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಓಣಿಯಲ್ಲಿ ಅವಳ ಮಾವ ಪಂಡಿತ ಈಶ್ವರಪ್ಪನವರದು ಮೂರು ತಲೆಮಾರಿನ ಅರಿಷ್ಟದ ಮನೆ. ಕಪ್ಪು ಒಣದ್ರಾಕ್ಷಿ ಕುದಿಸಿ, ಕಷಾಯ ಬತ್ತಿಸಿ, ಬೆಲ್ಲ, ಏಲಕ್ಕಿ, ಚಕ್ಕೆ, ಒಣಗಿದ ಧಾತಕಿ ಹೂವು ಎಲ್ಲ ಹಾಕಿ ಸೊಂಟದೆತ್ತರದ ಜಾಡಿಗೆ ತುಂಬುತ್ತಾರೆ. ಬಾಯಿಗೆ ಬಟ್ಟೆ ಕಟ್ಟಿ, ಮಣ್ಣು ಮೆತ್ತಿ, ಭತ್ತದ ಹೊಟ್ಟಿನಲ್ಲಿ ಹೂತಿಡುತ್ತಾರೆ. ಒಳಗೆ ಅದು ತಾನೇ ಹುದುಗಿ, ಬುಸುಗುಟ್ಟಿ, ಆಮೇಲೆ ಸುಮ್ಮನಾಗಿ ಕಡುಕೆಂಪಗಾಗುತ್ತದೆ. ಬಾಣಂತಿಯರಿಗೆ, ಹಸಿವಿಲ್ಲದವರಿಗೆ, ಕೆಮ್ಮಿದವರಿಗೆ ಎರಡು ಚಮಚ. ಹಳತಾದಷ್ಟೂ ಗುಣ ಜಾಸ್ತಿ ಅನ್ನುತ್ತಾರೆ.

ನಮ್ಮ ಯಜಮಾನರು ಮಲ್ಲೇಶ್, ಕಾಗದದ ಕಾರ್ಖಾನೆಯ ಸ್ಟೋರ್ಸಿನಲ್ಲಿದ್ದವರು, ನನ್ನನ್ನು ರೇಗಿಸುತ್ತಿದ್ದರು. "ಕೊರಳಲ್ಲಿ ಲಿಂಗ ಕಟ್ಕೊಂಡು ವೈನ್ ಮಾಡ್ತಾರೆ, ಔಷಧಿ ಅಂತ ಚೀಟಿ ಅಂಟಿಸ್ತಾರೆ. ಭಾರಿ ಜನ ಕಣೆ ಮಾರಾಯ್ತಿ ನಿಮ್ಮೋರು." ನಾನು ಸಿಡುಕುತ್ತಿದ್ದೆ, ಆದರೆ ಮಾತು ಪೂರ್ತಿ ಸುಳ್ಳಲ್ಲ. ಬ್ರಾಂದಿ ಅಂಗಡಿ ಮುಂದೆ ಹಾಯುವಾಗ ಸೆರಗಿನಿಂದ ಮೂಗು ಮುಚ್ಚಿಕೊಳ್ಳುವ ನಾವು, ಆ ಮನೆಯಲ್ಲಿ ಹಳೆ ಜಾಡಿಯ ಮಣ್ಣು ಒಡೆದರೆ ಅದೇ ಮೂಗನ್ನು ಮುಂದೆ ಚಾಚುತ್ತಿದ್ದೆವು.

ಜಾಡಿ ಒಡೆಯುವುದಕ್ಕೆ ಅವರಲ್ಲೊಂದು ಕ್ರಮ. ರುಚಿ ನೋಡುವುದು ಮನೆಯ ಯಜಮಾನ ಒಬ್ಬನೇ, ಅದಕ್ಕೆಂದೇ ಇಟ್ಟ ಹಲಸಿನ ಮಣೆಯ ಮೇಲೆ ಕೂತು. ಅದಕ್ಕೆ ಮೂರು ದಿನ ಮುಂಚಿನಿಂದ ಕಾಫಿ, ಎಲೆ ಅಡಿಕೆ, ಈರುಳ್ಳಿ ಬಿಡಬೇಕು. ಜಾಡಿಯಿಂದ ಮೊದಲ ಬಟ್ಟಲು ದೇವರಿಗೆ. ಅದನ್ನು ಸೊಸೆ ದೇವರ ಕೋಣೆಗೆ ಒಯ್ದು ನೈವೇದ್ಯ ಮಾಡಿ ಬರಬೇಕು. ಎರಡನೇ ಬಟ್ಟಲು ಯಜಮಾನನಿಗೆ. ಅವನು ಒಳ್ಳೆಯದು ಅಂದರೆ ಎಲ್ಲರಿಗೂ ಒಂದೊಂದು ಚಮಚ ಹಂಚಿ, "ರುಚಿ ನೋಡಿದೆ" ಅಂತ ಬರೆದು ಅವನ ಹೆಸರು ಹಾಕಿದ ಚೀಟಿ ಅಂಟಿಸುತ್ತಾರೆ. ಹೋಗಿದೆ ಅಂದರೆ ಇನ್ನೊಬ್ಬರು ಬೆರಳೂ ಅದ್ದಬಾರದು, ಆ ಕ್ಷಣವೇ ಬಚ್ಚಲಿಗೆ. ಕೆಟ್ಟ ಜಾಡಿ ಮನೆಯಲ್ಲಿ ಉಳಿದರೆ ಯಾರಾದರೂ ಒಳ್ಳೆಯದರ ಜೊತೆ ಬೆರೆಸುವ ಆಸೆಗೆ ಬಿದ್ದಾರು ಅಂತ ಹಿರಿಯರು ಮಾಡಿದ ಕಟ್ಟು.

ಎಂಬತ್ತೈದರಲ್ಲಿ ಈಶ್ವರಪ್ಪನವರು ಮಣೆಯನ್ನು ಮಗ ಷಡಕ್ಷರಪ್ಪನಿಗೆ ಬಿಟ್ಟುಕೊಟ್ಟರು. ಅವರೇ ನಮ್ಮ ಭಾವ. ಸಾಧು ಮನುಷ್ಯ, ತಂದೆ ಎದುರು ಮಾತ್ರ ಇವತ್ತಿಗೂ ಪರೀಕ್ಷೆಗೆ ಕೂತ ಹುಡುಗ.

"ಪಥ್ಯ ಭಾವಂದು. ನೀನ್ಯಾಕೆ ಕಾಫಿ ಬಿಟ್ಟಿದೀಯ?" ಅಂದೆ.

ಅಕ್ಕ ಬಾಗಿಲು ಮುಂದೆ ಮಾಡಿ ಬಂದು ಕೂತಳು. "ಅವರಿಗೆ ಮೂಗಿಲ್ಲ ಕಣೆ ನೀಲೂ" ಅಂದಳು.

ಎಂಬತ್ತೆಂಟರಲ್ಲಿ ಭಾವ ಸ್ಕೂಟರಿನಿಂದ ಬಿದ್ದಿದ್ದು ನಮಗೆಲ್ಲ ಗೊತ್ತಿತ್ತು. ಮಾಚೇನಹಳ್ಳಿ ಹತ್ತಿರ ಲಾರಿಗೆ ದಾರಿ ಬಿಡಲು ಹೋಗಿ ರಸ್ತೆ ಬದಿಗೆ ಉರುಳಿ ತಲೆಯ ಹಿಂಭಾಗಕ್ಕೆ ಏಟಾಗಿತ್ತು. ಗಾಯ ಮಾಗಿತು, ಎಲ್ಲರೂ ಮರೆತೆವು. ಆದರೆ ಏಟಿಗೆ ವಾಸನೆ ಹಿಡಿಯುವ ಶಕ್ತಿಯೇ ಹೊರಟುಹೋಗಿತ್ತು. ಸೀದ ಸಾರು ಉಂಡು ಚೆನ್ನಾಗಿದೆ ಅಂದಾಗ ಅಕ್ಕನಿಗೆ ತಿಳಿಯಿತು. ಸಿಹಿ, ಹುಳಿ ಒಂದಿಷ್ಟು ನಾಲಿಗೆಗೆ ತಿಳಿಯುತ್ತದೆ, ಆದರೆ ಅರಿಷ್ಟದ ರುಚಿ ಮುಕ್ಕಾಲು ಪಾಲು ಇರುವುದು ಮೂಗಿನಲ್ಲಿ. ಭಾವ ಅವತ್ತು ರಾತ್ರಿ ಮಗುವಿನ ಹಾಗೆ ಅತ್ತರಂತೆ. ಅಪ್ಪನಿಗೆ ಗೊತ್ತಾದರೆ ಮಣೆ ಹೋಗುತ್ತದೆ, ಮಣೆ ಹೋದರೆ ತಾನು ಏನೂ ಅಲ್ಲ, ಅಂತ.

ಅಕ್ಕನೇ ದಾರಿ ಹುಡುಕಿದಳು. ಸಣ್ಣವಳಿದ್ದಾಗಿಂದ ಅವಳ ಮೂಗು ಅಂಥದ್ದು, ಕೊಡದ ನೀರು ಮೂಸಿ ಯಾವ ಬಾವಿಯದು ಅಂತ ಹೇಳುತ್ತಿದ್ದಳು. ದೇವರಿಗೆ ಹಿಡಿದ ಬಟ್ಟಲಿನಿಂದ ಪ್ರಸಾದ ಅಂತ ಒಂದು ಗುಟುಕು ತೆಗೆದುಕೊಳ್ಳುವುದು. ಚೆನ್ನಾಗಿದ್ದರೆ ದೇವರ ಗಂಟೆ ಬಾರಿಸುವುದು. ಕೆಟ್ಟಿದ್ದರೆ ಬಾರಿಸದೆ ಸುಮ್ಮನೆ ಹೊರಗೆ ಬರುವುದು. ಭಾವ ಗಂಟೆ ಕೇಳಿಸಿಕೊಂಡು, ಎರಡನೇ ಬಟ್ಟಲು ಬಾಯಿಗಿಟ್ಟು, ಕಣ್ಣು ಮುಚ್ಚಿ, ತಲೆಯಾಡಿಸಿ ತೀರ್ಪು ಹೇಳುವುದು. ಹನ್ನೊಂದು ವರ್ಷ ಹೀಗೇ ನಡೆದಿತ್ತು. ಒಂದು ಜಾಡಿಯೂ ತಪ್ಪಿರಲಿಲ್ಲ.

ನನಗೆ ಭಾವನ ಮೇಲೆ ಸಿಟ್ಟು ಬಂತು. ಅಕ್ಕನ ಮೇಲೆ ಇನ್ನೂ ಜಾಸ್ತಿ ಬಂತು. "ನಾಲಿಗೆ ನಿಂದು, ಹೆಸರು ಅವರದು. ಚೆನ್ನಾಗಿದೆ ಕಣೇ ನಿಮ್ಮ ಸಂಸಾರ" ಅಂದೆ.

"ಅದಲ್ಲ ಈಗ" ಅಂದಳು. "ಶುಕ್ರವಾರ ಎಪ್ಪತ್ನಾಲ್ಕರ ಜಾಡಿ ಒಡೀತಾರೆ."

ಅದು ಬೇರೆಯದೇ ಮಾತು. ಎಪ್ಪತ್ನಾಲ್ಕು ಅಕ್ಕ ಮದುವೆಯಾಗಿ ಹೋದ ವರ್ಷ, ಹತ್ತೊಂಬತ್ತು ವಯಸ್ಸು. ಆ ವರ್ಷ ಮಾವ ಎರಡು ಜಾಡಿ ಬೇರೆ ಇಟ್ಟು, ಇಪ್ಪತ್ತೈದು ವರ್ಷ ಯಾರೂ ಮುಟ್ಟಕೂಡದು ಅಂದಿದ್ದರು. ಅದಕ್ಕೆ ಹಾಕಿದ ದ್ರಾಕ್ಷಿಯ ತೊಟ್ಟು ಬಿಡಿಸಿದವಳು ಅಕ್ಕ, ಕೈಯ ಅರಿಶಿನ ಇನ್ನೂ ಹೋಗಿರಲಿಲ್ಲ. ತೊಟ್ಟು ಉಳಿಸಿದೆ ಅಂತ ಮಾವನಿಂದ ಮೊದಲ ಬೈಗುಳ ತಿಂದಿದ್ದೂ ಅವತ್ತೇ. ಈಗ ಮಾವನಿಗೆ ಎಂಬತ್ತಾರು, ಮಂಚ ಹಿಡಿದು ಎರಡು ವರ್ಷವಾಗಿತ್ತು. ಆ ಜಾಡಿ ಏನಾಯಿತು ಅಂತ ತಿಳಿದ ಮೇಲೆ ಎಲ್ಲಿಗೆ ಬೇಕಾದರೂ ಹೊರಡುತ್ತೇನೆ ಅನ್ನುತ್ತಿದ್ದರಂತೆ.

"ನನ್ನ ಮೂಗು ತಪ್ಪಿದ್ರೆ ಅವರ ಜೀವಮಾನದ ಕೆಲಸ ಬಚ್ಚಲಿಗೆ ಹೋಗುತ್ತೆ. ಇವರು ಸಿಕ್ಕಿಬಿದ್ರೆ ಮಾವ ಇವರನ್ನ ಕ್ಷಮಿಸದೆ ಸಾಯ್ತಾರೆ" ಅಂದಳು ಅಕ್ಕ. ಆಮೇಲೆ ನೆಲ ನೋಡುತ್ತಾ ಅಂದಳು, "ಒಂದು ಸಲ, ಒಂದೇ ಒಂದು ಸಲ, ಹೆಂಗಿದೆ ಜಗದಾಂಬಾ ಅಂತ ಯಾರಾದ್ರೂ ನನ್ನ ಕೇಳ್ಲಿ ಅಂತ ಆಸೆ ಕಣೆ. ಅದೂ ಒಂದು ಹೊಟ್ಟೆ ಒಳಗೆ ಕೂತಿದೆ."

ಶುಕ್ರವಾರ ಬೆಳಿಗ್ಗೆ ನಾನೂ ಹೋದೆ. ಬಸ್ಸಿನಲ್ಲಿ ನನಗೇ ನಿಂತಲ್ಲಿ ನಿಲ್ಲಲಾಗುತ್ತಿಲ್ಲ, ಇನ್ನು ಅವಳ ಗತಿ. ಮಾವನ ಮಂಚವನ್ನು ಹಜಾರಕ್ಕೆ ತಂದು ದಿಂಬಿಗೆ ಒರಗಿಸಿದ್ದರು. ಭಾವ ಮಡಿಯುಟ್ಟು ವಿಭೂತಿ ಹಚ್ಚಿ ಮಣೆಯ ಪಕ್ಕ ನಿಂತಿದ್ದರು. ಮೂರು ದಿನದಿಂದ ಅಡಿಕೆ ಇಲ್ಲದೆ ದವಡೆ ಸುಮ್ಮಸುಮ್ಮನೆ ಆಡುತ್ತಿತ್ತು. ಅವರಿಗೆ ಪಥ್ಯದ ಅಗತ್ಯವೇ ಇಲ್ಲ, ಆದರೂ ಹನ್ನೊಂದು ವರ್ಷ ಒಂದು ದಿನವೂ ತಪ್ಪಿಸಿರಲಿಲ್ಲ. ಅದನ್ನು ನೆನೆದು ನನಗೆ ಅಯ್ಯೋ ಅನ್ನಿಸಿತು.

ಜಾಡಿ ಹೂಳುವುದು, ತೆಗೆಯುವುದು ಎಲ್ಲ ಹುಲಿಯಪ್ಪನ ಕೆಲಸ. ನಲವತ್ತು ವರ್ಷದಿಂದ ಆ ಮನೆಯಲ್ಲಿದ್ದವನು. ಎರಡು ಜಾಡಿಗಳನ್ನೂ ತಂದಿಟ್ಟು, ಮೊದಲನೆಯದರ ಮಣ್ಣು ತಟ್ಟಿ ಒಡೆದು ಬಟ್ಟೆ ಬಿಚ್ಚಿದ. ಹಜಾರದಲ್ಲಿದ್ದ ನಾವೆಲ್ಲ ಉಸಿರು ಎಳೆದುಕೊಂಡೆವು. ಅಕ್ಕ ಬೆಳ್ಳಿ ಬಟ್ಟಲು ಹಿಡಿದು ದೇವರ ಕೋಣೆಗೆ ಹೋದಳು. ಭಾವ ಮಣೆ ಮೇಲೆ ಕೂತರು.

ಗಂಟೆ ಕೇಳಿಸಲಿಲ್ಲ.

ನಾನು ಕಾದೆ. ಭಾವ ಕಾದರು. ಎರಡನೇ ಬಟ್ಟಲು ಅವರ ಕೈಗೆ ಬಂತು, ತಡ ಮಾಡಲು ಒಮ್ಮೆ ಕಣ್ಣಿಗೆ ಒತ್ತಿಕೊಂಡರು, ಮತ್ತೊಮ್ಮೆ ಒತ್ತಿಕೊಂಡರು. ಒಳಗಿನಿಂದ ಒಂದು ಸದ್ದಿಲ್ಲ. ಮಾವ ಕಣ್ಣು ಮಿಟುಕಿಸದೆ ಮಗನನ್ನೇ ನೋಡುತ್ತಿದ್ದರು. ಕೊನೆಗೆ ಭಾವ ಒಂದು ಗುಟುಕು ಕುಡಿದು ತಲೆ ತಗ್ಗಿಸಿದರು. "ಮುಗ್ಗಿದೆ ಅಪ್ಪಾಜಿ. ಹೋಗಿದೆ" ಅಂದರು.

ಮಾವ ಗೋಡೆ ಕಡೆ ಮುಖ ತಿರುಗಿಸಿದರು. ಹುಲಿಯಪ್ಪ ಜಾಡಿಯ ಕೊರಳಿಗೆ ಕೈ ಹಾಕಿ, ಓರೆ ಮಾಡಿ ಬುಡದ ಅಂಚಿನ ಮೇಲೆ ಬಚ್ಚಲ ಕಡೆಗೆ ಉರುಳಿಸಿಕೊಂಡು ಹೊರಟ. ನನ್ನ ಮೂಗು ಅಕ್ಕನ ಮೂಗಲ್ಲ, ಆದರೆ ಮುಗ್ಗಲು ಅಂದರೇನು ಅಂತ ನನಗೂ ಗೊತ್ತು. ಹಜಾರದಲ್ಲಿ ಹರಡಿದ್ದು ಆ ವಾಸನೆಯಲ್ಲ. ದೇವರ ಕೋಣೆಗೆ ಓಡಿದೆ.

ಅಕ್ಕ ಬಟ್ಟಲು ಹಿಡಿದು ನಿಂತೇ ಇದ್ದಳು, ಕಣ್ಣು ಮುಚ್ಚಿಕೊಂಡು, ಕೆನ್ನೆ ಮೇಲೆ ನೀರು ಇಳಿಸಿಕೊಂಡು. ಗಂಟೆ ಅವಳ ಕೈಗೆ ಸಿಗುವಷ್ಟು ಹತ್ತಿರದಲ್ಲೇ ಇತ್ತು. "ಅಕ್ಕ, ಗಂಟೆ" ಅಂದೆ. ಅವಳು ಕಣ್ಣು ಬಿಟ್ಟು ನನ್ನನ್ನು ಗುರುತು ಸಿಗದವರ ಹಾಗೆ ನೋಡಿದಳು. ಮರೆತುಬಿಟ್ಟಿದ್ದಳು. ಹನ್ನೊಂದು ವರ್ಷ ತಪ್ಪದವಳು, ಅದು ಅಷ್ಟು ಚೆನ್ನಾಗಿದ್ದದ್ದಕ್ಕೆ ಬಾರಿಸುವುದನ್ನೇ ಮರೆತಿದ್ದಳು.

"ಚೆಲ್ಲೋಕೆ ಹೊರಟಿದ್ದಾರೆ" ಅಂದೆ.

ಈಗ ಗಂಟೆ ಬಾರಿಸಿ ಪ್ರಯೋಜನವಿರಲಿಲ್ಲ. ಯಜಮಾನನ ಬಾಯಿಂದ ತೀರ್ಪು ಬಂದಾಗಿತ್ತು. ಅವಳು ಸುಮ್ಮನಿದ್ದರೆ ಗಂಡನ ಮಾನ ಉಳಿಯುತ್ತಿತ್ತು, ಮಾವನ ಜಾಡಿ ಮೋರಿ ಸೇರುತ್ತಿತ್ತು. ಅಕ್ಕ ಯೋಚಿಸಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಚ್ಚಲ ಬಾಗಿಲಿಗೆ ಹೋಗಿ ಅಡ್ಡ ನಿಂತಳು.

"ಹುಲಿಯಪ್ಪ, ನಿಲ್ಸಪ್ಪ" ಅಂದಳು. "ಅದು ಹೋಗಿಲ್ಲ. ನಾನು ನೋಡಿದೀನಿ."

ಹುಲಿಯಪ್ಪ ಭಾವನ ಮುಖ ನೋಡಿದ. ಭಾವ ನೆಲ ನೋಡಿದರು. ಮಾವ ಗೋಡೆಯಿಂದ ಮುಖ ಈಚೆ ತಿರುಗಿಸಿದರು.

"ನೀನ್ಯಾರು ನೋಡಕ್ಕೆ?" ಅಂದರು.

"ದೇವರ ಬಟ್ಟಲಲ್ಲಿ ನೋಡ್ತೀನಿ ಮಾವ. ಹನ್ನೊಂದು ವರ್ಷದಿಂದ ನಾನೇ ನೋಡ್ತಿರೋದು. ಅವರಿಗೆ ಸ್ಕೂಟರ್‌ನಿಂದ ಬಿದ್ದಾಗಿಂದ ವಾಸನೆ ಹಿಡಿಯಲ್ಲ. ಚೆನ್ನಾಗಿದ್ರೆ ಗಂಟೆ ಬಾರಿಸ್ತಿದ್ದೆ. ಇವತ್ತು ಮರೆತೆ. ತಪ್ಪು ನಂದು, ಅವರದಲ್ಲ."

ಅಷ್ಟು ಮಾತನ್ನು ಅವಳು ಆ ಮುದುಕರ ಎದುರು ಇಪ್ಪತ್ತೈದು ವರ್ಷದಲ್ಲಿ ಒಟ್ಟು ಸೇರಿಸಿಯೂ ಆಡಿರಲಿಲ್ಲ. ಮಾವ ತುಂಬ ಹೊತ್ತು ದೇವರ ಕೋಣೆಯ ಕಡೆ ನೋಡಿದರು. "ಹಂಗಾದ್ರೆ ಆ ಗಂಟೆ" ಅಂದವರು ಅಲ್ಲಿಗೇ ನಿಲ್ಲಿಸಿದರು. ಆಮೇಲೆ ಅಕ್ಕನ ಕಡೆ ತಿರುಗಿದರು.

"ಹೆಂಗಿದೆ, ಹೇಳು."

ಅವಳು ಕೇಳಬೇಕು ಅಂದುಕೊಂಡಿದ್ದ ಮಾತು ಅದೇ. ಬಂದಿದ್ದು ಮಾತ್ರ ಕೋರ್ಟಿನಲ್ಲಿ ಕೇಳಿದ ಹಾಗೆ.

"ಬೆಲ್ಲದ ಸಿಹಿ ಮೇಲೆ ಇಲ್ಲ ಮಾವ, ಒಳಗೆ ಇಳಿದಿದೆ" ಅಂದಳು. "ಮೊದಲು ಚಕ್ಕೆ ಬರುತ್ತೆ, ಏಲಕ್ಕಿ ಹೆಸರಿಗೆ ಮಾತ್ರ ಉಳಿದಿದೆ. ಆಮೇಲೆ ಬಿಸಿಲಿಗೆ ಹಾಕಿದ ದ್ರಾಕ್ಷಿ, ಗಂಟಲಲ್ಲಿ ಬೆಚ್ಚಗೆ ನಿಲ್ಲುತ್ತೆ. ಕೊನೇಲಿ ಒಂಚೂರು ಒಗರಿದೆ. ಅದು ತೊಟ್ಟಿಂದು. ನಾನು ಅವತ್ತು ಉಳಿಸಿದ್ದೆನಲ್ಲ, ಅದು."

ಮಾವ ಕೈ ಚಾಚಿದರು. ಅಕ್ಕನೇ ಚಮಚದಲ್ಲಿ ಕೊಟ್ಟಳು. ಅವರು ಅದನ್ನು ನುಂಗದೆ ಬಾಯಲ್ಲಿ ಇಟ್ಟುಕೊಂಡಿದ್ದರು, ಇಟ್ಟುಕೊಂಡೇ ಇದ್ದರು. ಆಮೇಲೆ ಗಂಟಲು ಆಡಿತು.

"ತೊಟ್ಟಿದೆ" ಅಂದರು. "ಸೋಮಾರಿ ನೀನು. ಅವತ್ತೇ ಹೇಳಿದ್ದೆ."

ನನಗೆ ನಗುವೂ ಬಂತು, ಅಳುವೂ ಬಂತು. ಹುಲಿಯಪ್ಪ ಮಾತ್ರ ಪಂಚೆಯ ತುದಿಯಲ್ಲಿ ಕಣ್ಣು ಒರೆಸಿಕೊಂಡು ಜಾಡಿಯನ್ನು ಹಜಾರಕ್ಕೆ ವಾಪಸ್ ಉರುಳಿಸಿದ. ನಾವೆಲ್ಲ ಒಂದೊಂದು ಚಮಚ ಕುಡಿದೆವು. ನನಗೆ ತೊಟ್ಟು ಗೊತ್ತಾಗಲಿಲ್ಲ. ಬೆಚ್ಚಗೆ ಇಳಿಯಿತು, ಅಷ್ಟು ಹೇಳಬಲ್ಲೆ.

ಆದರೆ ಇನ್ನೊಂದು ಜಾಡಿ ಇತ್ತು. ಅದೇ ವರ್ಷದ್ದು, ಅದೇ ದ್ರಾಕ್ಷಿ, ಅದೇ ಕೈ. "ಅದನ್ನೂ ತೆಗೀರಿ" ಅಂದರು ಮಾವ. ಹುಲಿಯಪ್ಪ ಮಣ್ಣು ಒಡೆದು ನಿಂತ. ಯಾರಿಗೆ ಬಟ್ಟಲು ಕೊಡಬೇಕು ಅಂತ ಅವನಿಗೆ ತಿಳಿಯಲಿಲ್ಲ. ಭಾವ ಇನ್ನೂ ಮಣೆ ಮೇಲೇ ಕೂತಿದ್ದರು. ಅಪ್ಪ ಏಳು ಅನ್ನಲಿಲ್ಲ, ಕೂರು ಅಂತಲೂ ಅನ್ನಲಿಲ್ಲ.

ಆಗ ಭಾವ ಎದ್ದರು. ಅಪ್ಪನ ಮಂಚದ ತಲೆದೆಸೆಯಲ್ಲಿದ್ದ ಎಲೆ ಅಡಿಕೆ ತಟ್ಟೆ ಎತ್ತಿಕೊಂಡು, ಎರಡು ಎಲೆ ಒರೆಸಿ, ಸುಣ್ಣ ಹಚ್ಚಿ, ದೊಡ್ಡ ಗೋಟಡಿಕೆಯ ಎರಡು ಹೋಳು ಇಟ್ಟು ಮಡಿಸಿ, ಎಲ್ಲರೆದುರು ಬಾಯಿಗೆ ಹಾಕಿಕೊಂಡರು. ಅಡಿಕೆ ಹಾಕಿದ ಬಾಯಿಗೆ ಯಾರೂ ಅರಿಷ್ಟ ಕೊಡುವುದಿಲ್ಲ, ಕೇಳುವುದೂ ಇಲ್ಲ. ಹನ್ನೊಂದು ವರ್ಷದ ಭಾರ ಇಳಿಸಿದವರ ಹಾಗೆ ಅಗಿದರು. ಆಮೇಲೆ ಬಗ್ಗಿ ಮಣೆಯನ್ನು ಅಕ್ಕನ ಕಡೆ ಸರಿಸಿದರು. ಭಾವನ ಮೇಲಿದ್ದ ನನ್ನ ಸಿಟ್ಟು ಅಲ್ಲಿಗೆ ಮುಗಿಯಿತು.

ಅಕ್ಕ ಮಾವನ ಮುಖ ನೋಡಿದಳು. ಅವರು ಬೇಡ ಅನ್ನಲಿಲ್ಲ. ಸೀರೆ ನೆರಿಗೆ ಒಟ್ಟು ಮಾಡಿಕೊಂಡು ಮಣೆ ಮೇಲೆ ಕೂತಳು. ದೇವರ ಬಟ್ಟಲನ್ನು ನಾನು ಒಯ್ದಿಟ್ಟು ಬಂದೆ. ಎರಡನೇ ಬಟ್ಟಲನ್ನು ಹುಲಿಯಪ್ಪ ಅವಳ ಕೈಗೆ ಕೊಟ್ಟ.

ಬಣ್ಣ ಮೊದಲನೆಯದರ ಹಾಗೇ ಇತ್ತು, ದೀಪಕ್ಕೆ ಹಿಡಿದರೆ ಮಾಣಿಕ್ಯ. ಅವಳು ಮೂಸಿದಳು. ಒಂದು ಗುಟುಕು ಕುಡಿದಳು. ಮತ್ತೆ ಮೂಸಿದಳು. ಅವಳ ಮುಖ ನನಗೆ ಚಿಕ್ಕಂದಿನಿಂದ ಗೊತ್ತು. ಸುಳ್ಳು ಹೇಳಿಬಿಡು ಅಕ್ಕ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ಎಂಬತ್ತಾರು ವರ್ಷದ ಮನುಷ್ಯ, ಎರಡರಲ್ಲಿ ಒಂದು ಗೆದ್ದಿದ್ದಾರೆ, ಇನ್ನೊಂದೂ ಗೆದ್ದಿದೆ ಅಂದರೆ ಯಾರ ಗಂಟು ಹೋಗುತ್ತದೆ.

ಅಕ್ಕ ಬಟ್ಟಲನ್ನು ಕೆಳಗಿಟ್ಟಳು.

"ಮುಗ್ಗಿದೆ ಮಾವ" ಅಂದಳು. "ಹೋಗಿದೆ."

ಮುದುಕರು ಆ ಜಾಡಿಯನ್ನೇ ನೋಡುತ್ತಿದ್ದರು. ಅವರು ಇನ್ನೊಂದು ಚಮಚ ಕೇಳುತ್ತಾರೆ, ಇವಳ ಮಾತನ್ನು ಪರೀಕ್ಷೆ ಮಾಡುತ್ತಾರೆ ಅಂತ ನಾವೆಲ್ಲ ಕಾದೆವು. ಹುಲಿಯಪ್ಪ ಚಮಚ ಹಿಡಿದು ಸಿದ್ಧವಾಗಿ ನಿಂತೂ ಇದ್ದ.

ಈಶ್ವರಪ್ಪನವರು ಕೈ ಚಾಚಲಿಲ್ಲ. "ಕೇಳಿಸ್ಲಿಲ್ವೇನೋ ಹುಲಿಯ" ಅಂದರು. "ಚೆಲ್ಲು."