ಕಲ್ಲಿನ ತೊಟ್ಟಿಗೆ ಹೊತ್ತ ಹರಕೆ

ಮೊದಲೇ ಹೇಳಿಬಿಡುತ್ತೇನೆ, ನಾನು ದೆವ್ವದ ಕಥೆ ಹೇಳುವ ಹೆಂಗಸಲ್ಲ. ಯಾರಾದರೂ ಶುರು ಮಾಡಿದರೆ ಕಾಫಿ ಮಾಡುವ ನೆಪದಲ್ಲಿ ಎದ್ದು ಹೋಗುವವಳು. ಮೈಸೂರಿನಲ್ಲಿ ಭೂವಿಜ್ಞಾನ ಓದಿ, ಇಲ್ಲಿ ಅಮೆರಿಕದ ಷಾರ್ಲೆಟ್‌ನ ಕಾಲೇಜೊಂದರ ಲ್ಯಾಬಿನಲ್ಲಿ ಕಲ್ಲು ಕೊಯ್ದು ಪರೀಕ್ಷಿಸುವುದು ನನ್ನ ಕೆಲಸ. ಆದರೂ ಇದು ನಡೆದದ್ದು, ನನಗೇ ನಡೆದದ್ದು. ಗಂಡನಿಗೂ ಇವತ್ತಿನವರೆಗೆ ಹೇಳಿಲ್ಲ... ಆಗಲೇ ಹೇಳಿದ್ದರೆ ಚೆನ್ನಾಗಿತ್ತು.

ಪೆಟ್ರೋಲ್ ಸಿಗದೆ ಗ್ಯಾಸ್ ಸ್ಟೇಷನ್‌ಗಳ ಮುಂದೆ ಕಾರುಗಳು ಸಾಲುಗಟ್ಟಿ ನಿಲ್ಲುತ್ತಿದ್ದ ಚಳಿಗಾಲ ಅದು. ನನಗೆ ಏಳು ತಿಂಗಳು. ಅದಕ್ಕೂ ಮುಂಚೆ ಎರಡು ಸಲ ಕಳೆದುಕೊಂಡಿದ್ದೆ. ಮೂರನೆಯದನ್ನು ಉಸಿರು ಬಿಗಿಹಿಡಿದು ಕಾಯುತ್ತಿದ್ದೆ.

ಆಗ ಒಬ್ಬ ಪಾದ್ರಿ ಲ್ಯಾಬಿಗೆ ಫೋನ್ ಮಾಡಿದರು. ಷಾರ್ಲೆಟ್‌ನಿಂದ ಒಂದು ಗಂಟೆ ದೂರದ ಸಣ್ಣ ಊರು. ಅಲ್ಲಿನ ಹತ್ತಿ ಗಿರಣಿ ಮುಚ್ಚಿ, ಜನ ಖಾಲಿಯಾಗಿ, ಚರ್ಚಿನ ಛಾವಣಿ ಸೋರುತ್ತಿತ್ತು. ಮಕ್ಕಳಿಗೆ ಜ್ಞಾನಸ್ನಾನ ಮಾಡಿಸುವ ಕಲ್ಲಿನ ತೊಟ್ಟಿಯೊಂದು ಅವರ ಬಳಿ ಇತ್ತು, ಇಂಗ್ಲೆಂಡಿನಿಂದ ತಂದದ್ದು, ಎಂಟುನೂರು ವರ್ಷ ಹಳೆಯದಂತೆ. ವಾಷಿಂಗ್ಟನ್‌ನ ಮ್ಯೂಸಿಯಂ ಒಂದು ಅದನ್ನು ಕೊಳ್ಳಲು ಸಿದ್ಧವಿತ್ತು. ಆದರೆ ಕಲ್ಲು ಇಂಗ್ಲೆಂಡಿನದೇ ಎಂದು ಯಾರಾದರೂ ಪರೀಕ್ಷಿಸಿ ಬರೆದುಕೊಡಬೇಕಿತ್ತು.

ಶನಿವಾರ ಮಧ್ಯಾಹ್ನ ನಾನೂ ನನ್ನ ಗಂಡ ಶ್ರೀಧರನೂ ಹೋದೆವು. ಅವನು ಡಾಕ್ಟರು, ಕಲ್ಲೆಂದರೆ ಅವನಿಗೆ ಮೂತ್ರಪಿಂಡದ ಕಲ್ಲು ಮಾತ್ರ. ತೊಟ್ಟಿ ಸೊಂಟದೆತ್ತರ ಇತ್ತು, ದುಂಡಗೆ, ನಮ್ಮ ಕಡೆಯ ಒರಳುಕಲ್ಲಿಗೆ ದೊಡ್ಡಣ್ಣನ ಹಾಗೆ. ಸುತ್ತಲೂ ಪುಟ್ಟ ಪುಟ್ಟ ಮುಖಗಳ ಕೆತ್ತನೆ. ಎಲ್ಲವೂ ಕಣ್ಣು ಮುಚ್ಚಿದ್ದವು. ಮೇಲಿದ್ದ ಮರದ ಮುಚ್ಚಳವನ್ನು ಎತ್ತಲು ಪಾದ್ರಿ, ಶ್ರೀಧರ ಇಬ್ಬರೂ ಬೇಕಾಯಿತು. ಒಳಗೆ ಬರೀ ಧೂಳು. ಅಳತೆ ತೆಗೆದೆ, ಆಳ ಸರಿಯಾಗಿ ಒಂದಡಿ.

"ಹಿಂದೆ ಇದಕ್ಕೆ ಬೀಗ ಹಾಕ್ತಿದ್ರು. ಮಾಟ ಮಾಡೋಕೆ ಅಂತ ಜನ ಈ ನೀರು ಕದೀತಿದ್ರಂತೆ," ಎಂದರು ಪಾದ್ರಿ. ಅಂಚಿನಲ್ಲಿ ಬೀಗದ ಕಬ್ಬಿಣ ಕೂತಿದ್ದ ತುಕ್ಕಿನ ಕಲೆ ತೋರಿಸಿದರು. "ಆಮೇಲೆ ಯಾವುದೋ ಗಲಾಟೆ ಕಾಲದಲ್ಲಿ ಚರ್ಚಿಂದ ಕಿತ್ತು, ಕುದುರೆ ನೀರು ಕುಡಿಯೋ ತೊಟ್ಟಿ ಮಾಡಿದ್ರು. ಕುದುರೆಗಳು ಬಾಯೇ ಹಾಕ್ಲಿಲ್ಲವಂತೆ. ನಮ್ಮ ಗಿರಣಿ ಯಜಮಾನರ ತಾತ ಹಡಗಲ್ಲಿ ಇಲ್ಲಿಗೆ ತರಿಸಿದ್ರು. ಇಂಗ್ಲೆಂಡಿನ ಆ ಊರಿನವರು ಪುಕ್ಕಟೆ ಕೊಟ್ರು. ಜೊತೆಗೆ ಒಂದೇ ಒಂದು ಮಾತು ಬರೆದು ಕಳಿಸಿದ್ರು."

"ಏನಂತ?"

"ಮಗು ಇಲ್ದೆ ಬಹಳ ದಿನ ಬಿಡಬೇಡಿ ಅಂತ." ಅವರು ನಕ್ಕರು. "ಈ ಊರಲ್ಲಿ ಮಗುವಿಗೆ ಜ್ಞಾನಸ್ನಾನ ಮಾಡಿಸಿ ಎಂಟು ವರ್ಷ ಆಯ್ತು."

ಅವರ ಕಣ್ಣು ಒಂದು ಕ್ಷಣ ನನ್ನ ಹೊಟ್ಟೆಯ ಮೇಲೆ ನಿಂತಿತು. ನನಗೆ ಹಿಡಿಸಲಿಲ್ಲ. ತೊಟ್ಟಿಯ ಬುಡದಿಂದ ಉಗುರಿನಷ್ಟು ಚೂರು ಉಳಿಯಲ್ಲಿ ಎಬ್ಬಿಸಿ, ಡಬ್ಬಿಗೆ ಹಾಕಿಕೊಂಡು ಹೊರಟೆ.

ಸೋಮವಾರ ಬೆಳಿಗ್ಗೆ ಲ್ಯಾಬಿನಲ್ಲಿ ಆ ಚೂರನ್ನು ಹಾಟ್‌ಪ್ಲೇಟ್ ಮೇಲಿಟ್ಟೆ. ಕಲ್ಲು ಪೂರ್ತಿ ಒಣಗಿದ ಮೇಲೇ ಅದನ್ನು ಗಾಜಿಗೆ ಅಂಟಿಸಿ, ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜುವುದು. ಹತ್ತು ನಿಮಿಷದ ಕೆಲಸ. ಮಧ್ಯಾಹ್ನವಾದರೂ ಒಣಗಲಿಲ್ಲ. ಕೈ ಸುಡುವ ತಟ್ಟೆಯ ಮೇಲೆ ಆ ಕಲ್ಲು ತಣ್ಣಗಿತ್ತು... ಅದರ ಸುತ್ತ ನೀರಿನ ಉಂಗುರ. ಒರೆಸಿದೆ. ಮತ್ತೆ ಬಂತು. ಬಾವಿಯ ತಳದ ಹಸಿ ವಾಸನೆ ಕೋಣೆಯೆಲ್ಲ ತುಂಬಿತು.

ಆಗ ನೆನಪಾಯಿತು, ಬೆಳಿಗ್ಗೆಯಿಂದ ಮಗು ಮಿಸುಕಾಡಿಲ್ಲ.

ಎಡಕ್ಕೆ ಮಲಗಿ ನೋಡಿದೆ. ತಣ್ಣನೆಯ ಹಾಲು ಕುಡಿದೆ. ಏನೂ ಇಲ್ಲ. ಶ್ರೀಧರನಿಗೆ ಫೋನ್ ಮಾಡಿದೆ.

"ನಿನ್ನೆ ತಾನೇ ಹಾರ್ಟ್‌ಬೀಟ್ ಕೇಳಿದೀನಲ್ಲೇ. ಮಗೂನೂ ನಿದ್ದೆ ಮಾಡತ್ತೆ. ಆದ್ರೂ ಈಗ್ಲೇ ಹಾಸ್ಪಿಟಲ್‌ಗೆ ಬಾ, ಚೆಕ್ ಮಾಡ್ಸೋಣ."

ಸರಿ ಎಂದೆ. ಹೋಗಲಿಲ್ಲ. ಆ ಆಸ್ಪತ್ರೆಯಲ್ಲೇ ಎರಡು ಸಲ 'ಸಾರಿ' ಎಂದು ಕೇಳಿಸಿಕೊಂಡಿದ್ದೆ, ಮೂರನೆಯದನ್ನು ಕೇಳುವ ಶಕ್ತಿ ಇರಲಿಲ್ಲ. ಇದ್ದಲ್ಲಿಗೇ ಹಿಂದಿರುಗಿಸಬೇಕೆಂದು ಕಲ್ಲನ್ನು ಕರವಸ್ತ್ರದಲ್ಲಿ ಸುತ್ತಿ, ಕಾರು ಹತ್ತಿ ಆ ಊರಿನ ದಾರಿ ಹಿಡಿದೆ. ಓದಿದವಳು ಮಾಡುವ ಕೆಲಸವೇ ಇದು ಎಂದು ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ. ತೊಡೆಯ ಮೇಲಿದ್ದ ಕರವಸ್ತ್ರ ಒದ್ದೆಯಾಗಿ ಸೀರೆಗೂ ಇಳಿದಿತ್ತು.

ತಲುಪುವಷ್ಟರಲ್ಲಿ ಕತ್ತಲಾಗಿತ್ತು. ಪಾದ್ರಿಯ ಮನೆಯಲ್ಲಿ ದೀಪವಿಲ್ಲ, ಅವರ ಕಾರೂ ಇಲ್ಲ. ಚರ್ಚಿನ ಬಾಗಿಲು ತಳ್ಳಿದರೆ ತೆರೆದುಕೊಂಡಿತು.

ಒಳಗೆ ಮೇಣದ ವಾಸನೆ, ಅದರ ಕೆಳಗೆ ಆ ಬಾವಿಯ ವಾಸನೆ. ಸ್ವಿಚ್ ಎಲ್ಲಿದೆಯೋ ಗೊತ್ತಿಲ್ಲ. ಕಾರಿನಿಂದ ತಂದಿದ್ದ ಟಾರ್ಚ್ ಹಾಕಿದೆ. ತೊಟ್ಟಿಯ ಮುಚ್ಚಳ ಅರ್ಧ ಸರಿದಿತ್ತು... ಇಬ್ಬರು ಗಂಡಸರು ಏದುಸಿರು ಬಿಟ್ಟು ಎತ್ತಿದ್ದ ಮುಚ್ಚಳ.

"ಫಾದರ್? ಯಾರಾದ್ರೂ ಇದೀರಾ?"

ಬೆಂಚುಗಳ ಮೇಲೆ ಟಾರ್ಚ್ ಆಡಿಸಿದೆ, ಯಾರೂ ಇಲ್ಲ. ತೊಟ್ಟಿಯೊಳಗೆ ಬೆಳಕು ಹಾಕಿದೆ. ತಳ ಕಾಣಲಿಲ್ಲ. ನೀರೂ ಕಾಣಲಿಲ್ಲ, ಬರೀ ಕಪ್ಪು. ಕಲ್ಲಿನ ಚೂರನ್ನು ಒಳಗೆ ಬಿಟ್ಟೆ. ಒಂದಡಿ ಆಳ, ಟಕ್ ಎನ್ನಬೇಕು. ಕಾದೆ... ಮತ್ತೂ ಕಾದೆ... ಸದ್ದೇ ಬರಲಿಲ್ಲ.

ಇನ್ನಷ್ಟು ಬಗ್ಗಿದೆ. ಅಂಚು ಹಿಡಿದುಕೊಂಡೆ. ಕೈಯ ಕೆಳಗೆ ಆ ಪುಟ್ಟ ಮುಖಗಳು ತಣ್ಣಗೆ, ಮೆತ್ತಗೆ ಇದ್ದವು. ಆಗ ನನ್ನ ಬಾಯಿಂದ ಬಂದದ್ದು ನನ್ನ ಅಜ್ಜಿ ಆಡುತ್ತಿದ್ದ ಮಾತು. ಮಗುವಿಗೆ ಜ್ವರ ಏರಿದರೆ ಯಾವ ದೇವರು ಹತ್ತಿರವಿದ್ದರೆ ಅದಕ್ಕೇ ಹರಕೆ ಹೊರುತ್ತಿದ್ದಳು ಅಜ್ಜಿ.

"ನೀನು ಯಾರಾದ್ರೂ ಆಗಿರು. ನನ್ನ ಮಗು ಉಳಿಸ್ಕೊಡು. ಕರ್ಕೊಂಡು ಬಂದು ನಿನಗೇ ಒಪ್ಪಿಸ್ತೀನಿ."

ಕೆಳಗೆ, ಬಹಳ ಕೆಳಗೆ, ತುಳುಕ್ ಎಂದಿತು.

ಅದೇ ಕ್ಷಣ ಮಗು ಒದೆಯಿತು. ಎಂಥ ಒದೆತವೆಂದರೆ ನಾನು ಕೂಗಿಕೊಂಡೆ. ಅಳುತ್ತಾ, ನಗುತ್ತಾ, ಹೊಟ್ಟೆ ಹಿಡಿದುಕೊಂಡು ಬಾಗಿಲಿಗೆ ಓಡಿದೆ. ಹಿಂದಿನಿಂದ ಮುಚ್ಚಳ ಮುಚ್ಚಿದ ಸದ್ದು. ಜೋರಾಗಿ ಅಲ್ಲ... ಹಾಲಿನ ಪಾತ್ರೆಗೆ ಯಾರೋ ಮೆಲ್ಲಗೆ ತಟ್ಟೆ ಮುಚ್ಚಿದ ಹಾಗೆ. ತಿರುಗಿ ನೋಡಲಿಲ್ಲ.

ಮಾನಸ ಫೆಬ್ರವರಿಯಲ್ಲಿ ಹುಟ್ಟಿದಳು, ಗುಂಡುಕಲ್ಲಿನ ಹಾಗೆ. ಪಾದ್ರಿಗೆ ನಾನು ಬರೆದುಕೊಟ್ಟದ್ದು ಒಂದೇ ಸಾಲು, ಕಲ್ಲನ್ನು ಪರೀಕ್ಷಿಸಲಾಗಲಿಲ್ಲ ಎಂದು. ಮ್ಯೂಸಿಯಂ ಹಿಂದೆ ಸರಿಯಿತು. ಪಾಪ ಎನಿಸಿತು, ಆದರೆ ಆ ಊರಿನ ಕಡೆ ಮತ್ತೆ ತಲೆ ಹಾಕಲಿಲ್ಲ. ಒಪ್ಪಿಸುವುದು ಎಂದರೆ ತಲೆಯ ಮೇಲೆ ಮೂರು ಹನಿ ನೀರೇ? ಅಥವಾ ಬೇರೆ ಏನಾದರೂ? ಯಾರನ್ನು ಕೇಳಲಿ? ಆರು ವರ್ಷ ಸುಮ್ಮನಿದ್ದೆ. ಮಾನಸಳನ್ನು ಮಾತ್ರ ಬಾತ್‌ಟಬ್‌ನಲ್ಲಿ ಒಂದು ನಿಮಿಷವೂ ಒಂಟಿಯಾಗಿ ಬಿಟ್ಟಿಲ್ಲ.

ಮೊನ್ನೆ ಕೆಲಸ ಮುಗಿಸಿ ಮನೆಗೆ ಬಂದರೆ ಶ್ರೀಧರ ಖುಷಿಯಲ್ಲಿದ್ದ.

"ಆ ಪಾದ್ರಿ ಫೋನ್ ಮಾಡಿದ್ರು ಕಣೇ. ಚರ್ಚ್ ಕ್ಲೋಸ್ ಮಾಡ್ತಿದಾರಂತೆ. ಆ ತೊಟ್ಟೀನ ನಮಗೇ ಕೊಡ್ತಾರಂತೆ, ಫ್ರೀಯಾಗಿ! ಹೂಂ ಅಂದ್ಬಿಟ್ಟೆ. ಬ್ಯಾಕ್‌ಯಾರ್ಡಲ್ಲಿ ತುಳಸಿ ಹಾಕೋಣ."

"ನಮಗ್ಯಾಕೆ ಕೊಡ್ತಾರೆ?"

"ನೀನು ಮಗೂನ ಕರ್ಕೊಂಡು ಬರ್ತೀನಿ ಅಂದಿದ್ಯಂತಲ್ಲ? ಪಾಪ, ಎಷ್ಟು ವರ್ಷದಿಂದ ಕಾಯ್ತಿದೀವಿ ಅಂದ್ರು."

ಆ ರಾತ್ರಿ ಚರ್ಚಿನಲ್ಲಿ ಯಾರೂ ಇರಲಿಲ್ಲ. ನಾನು ಆಡಿದ್ದು ಕನ್ನಡದಲ್ಲಿ.

ಬೇಡ ಎನ್ನಲು ಬಾಯಿ ತೆರೆದೆ. ಯಾಕೆ ಎಂದು ಕೇಳಿದರೆ ಹರಕೆಯ ವಿಷಯ ಹೇಳಬೇಕು, ಹೊಟ್ಟೆಯಲ್ಲಿದ್ದ ಅವನ ಮಗಳನ್ನು ಯಾರಿಗೋ ಕೊಟ್ಟೆ ಎಂದು ಹೇಳಬೇಕು. ಅಷ್ಟರಲ್ಲಿ ಮಾನಸ ಅಪ್ಪನ ತೊಡೆ ಹತ್ತಿ ಕೇಳುತ್ತಿದ್ದಳು:

"ಎಷ್ಟು ಬಿಗ್ ಇದೆ ಅಪ್ಪ? ನಾನು ಒಳಗೆ ಕೂತ್ಕೋಬಹುದಾ?"

"ಕೂತ್ಕೋಬಹುದು ಪುಟ್ಟೀ, ಸರಿಯಾಗಿ ನಿನ್ನ ಸೈಜೇ," ಎಂದ ಅವನು.

ನಾನು ಹೋಗಲಿಲ್ಲವೆಂದು ಅದೇ ಬರುತ್ತಿದೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಟ್ರಕ್ ಬರುತ್ತದಂತೆ.