ಸ್ವಖುಷಿಯಿಂದ

ಕುರಾನ್ ಓದಲು ನಾನು ಕಲಿತದ್ದು ಲಂಗ ತೊಡುವ ವಯಸ್ಸಿನಲ್ಲಿ. ಅದರಲ್ಲಿ ಏನು ಬರೆದಿದೆ ಎಂದು ತಿಳಿಯುವ ಹೊತ್ತಿಗೆ ಮದುವೆಯಾಗಿ ರಾಣೆಬೆನ್ನೂರಿಗೆ ಬಂದು, ಮಕ್ಕಳು ಶಾಲೆಗೆ ಹೋಗತೊಡಗಿ, ನಮ್ಮ ತಂದೆ ಅಬ್ಬಾ ತೀರಿಕೊಂಡು, ತವರಿನ ಪಾಲನ್ನೂ ಬರೆದುಕೊಟ್ಟು ಆಗಿತ್ತು. ಇಷ್ಟು ತಡವಾಗಿ ತಿಳಿದದ್ದಕ್ಕೆ ಯಾರನ್ನು ಬೈಯಬೇಕೋ ಇಂದಿಗೂ ಗೊತ್ತಿಲ್ಲ. ಹಾಗಾಗಿ ಸಿಕ್ಕವರನ್ನೆಲ್ಲ ಬೈಯುತ್ತೇನೆ.

ಬ್ಯಾಡಗಿಯಲ್ಲಿ ನಮ್ಮ ಓಣಿಯ ಹುಡುಗಿಯರಿಗೆ ಪಾಠ ಹೇಳುತ್ತಿದ್ದ ಉಸ್ತಾದ್‌ಬೀ ಉಚ್ಚಾರದ ವಿಷಯದಲ್ಲಿ ಭಾರೀ ಕಟ್ಟುನಿಟ್ಟು. ಗಂಟಲಿನಿಂದ ಬರಬೇಕಾದ ಅಕ್ಷರ ನಾಲಿಗೆಯಿಂದ ಬಂದರೆ ಕಿವಿ ಹಿಂಡುತ್ತಿದ್ದರು. ಮೆಣಸಿನಕಾಯಿ ಹಂಗಾಮಿನಲ್ಲಿ ಊರಿಗೆ ಊರೇ ಸೀನುವಾಗ ನಮ್ಮ ಸೀನನ್ನು ಕ್ಷಮಿಸುತ್ತಿದ್ದರು, ತಪ್ಪು ಉಚ್ಚಾರವನ್ನು ಮಾತ್ರ ಇಲ್ಲ. ಅರ್ಥ ಏನು ಎಂದು ಕೇಳಿದರೆ, "ನೀ ಓದು ಸಾಕು. ಪುಣ್ಯ ಬರೋದು ಓದಿದ್ದಕ್ಕ" ಎನ್ನುತ್ತಿದ್ದರು. ಪಾಪ, ಅವರಿಗೂ ಅರ್ಥ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಮಾತು ಅರ್ಧ ಉರ್ದು, ಅರ್ಧ ಕನ್ನಡ. ಸಿಟ್ಟು ಬಂದರೆ ಪೂರ್ತಿ ಕನ್ನಡ. ಮುಂದೆ ಇಲ್ಲಿ ಬರುವ ಮಾತೆಲ್ಲ ಕನ್ನಡದಲ್ಲೇ ಇರುವುದಕ್ಕೆ ಅದೇ ಕಾರಣ. ಅರಬ್ಬಿ ಮಾತ್ರ ಯಾರ ಮಾತೂ ಆಗಿರಲಿಲ್ಲ, ಬರೀ ಓದಾಗಿತ್ತು.

ಅಬ್ಬಾ ಮಾರ್ಕೆಟ್ ಯಾರ್ಡಿನ ಹೊರಗೆ ಗೋಣಿಚೀಲದ ಅಂಗಡಿ ಇಟ್ಟಿದ್ದರು. ಓಣಿಯಲ್ಲಿ ಒಂದು ಮನೆ ಕಟ್ಟಿಸಿದ್ದರು. ನಾವು ಮೂರು ಮಕ್ಕಳು. ಎಲ್ಲರಿಗಿಂತ ದೊಡ್ಡವನು ಅಣ್ಣ, ಆಮೇಲೆ ನಾನು, ಕೊನೆಗೆ ಹಾವೇರಿಗೆ ಕೊಟ್ಟಿದ್ದ ತಂಗಿ. ಅಬ್ಬಾ ತೀರಿಕೊಂಡ ನಲವತ್ತನೇ ದಿನ ನಮ್ಮಲ್ಲಿ ನಡೆಯುವಂತೆ ಮನೆಯಲ್ಲಿ ಕುರಾನ್ ಓದಿಸಿದರು. ಮಸೀದಿಯಿಂದ ಒಂದು ಪೆಟ್ಟಿಗೆ ತರಿಸುತ್ತಾರೆ. ಕುರಾನಿನ ಮೂವತ್ತು ಭಾಗಗಳು ಅದರಲ್ಲಿ ಬಿಡಿಬಿಡಿ ಪುಸ್ತಕಗಳಾಗಿರುತ್ತವೆ. ಒಂದೊಂದು ಭಾಗಕ್ಕೆ ಪಾರಾ ಎನ್ನುತ್ತೇವೆ. ಒಬ್ಬೊಬ್ಬರು ಒಂದೊಂದು ಹಿಡಿದು ಕೂತರೆ ಮಧ್ಯಾಹ್ನದೊಳಗೆ ಇಡೀ ಕುರಾನ್ ಓದಿ ಮುಗಿಯುತ್ತದೆ, ಪುಣ್ಯ ಸತ್ತವರಿಗೆ ಸೇರುತ್ತದೆ. ಆವತ್ತು ನನ್ನ ಕೈಗೆ ಬಂದದ್ದು ನಾಲ್ಕನೆಯ ಪಾರಾ.

ಆ ಪಾರಾದ ಕೊನೆಯ ಕಡೆ ನಿಸಾ ಎಂಬ ಅಧ್ಯಾಯ ಶುರುವಾಗುತ್ತದೆ. ನಿಸಾ ಅಂದರೆ ಹೆಂಗಸರು ಎಂದಷ್ಟೇ ನನಗೆ ಗೊತ್ತಿತ್ತು. ನಮ್ಮ ಓಣಿಯ ಅರ್ಧ ಹುಡುಗಿಯರ ಹೆಸರು ನಿಸಾ ಎಂದೇ ಮುಗಿಯುತ್ತಿತ್ತು. ಹೆಂಗಸರ ಬಗ್ಗೆ ಅಂದಮೇಲೆ ಸೆರಗು, ಮರ್ಯಾದೆ, ಗಂಡನ ಮಾತು ಕೇಳುವುದು, ಇಂಥದ್ದೇ ಏನೋ ಇರಬೇಕು ಎಂದುಕೊಂಡು ರಾಗವಾಗಿ ಓದಿದೆ. ಒಂದು ಅಕ್ಷರ ತಪ್ಪಲಿಲ್ಲ. ಪಕ್ಕದಲ್ಲಿ ಕೂತಿದ್ದ ಮುದುಕಿಯೊಬ್ಬಳು ನನ್ನ ಓದು ಕೇಳಿ ಕಣ್ಣೊರೆಸಿಕೊಂಡಳು.

ನಾವು ನಡುಮನೆಯಲ್ಲಿ ಓದುತ್ತಿದ್ದಾಗ ಅಣ್ಣ ಪಡಸಾಲೆಯಲ್ಲಿ ಆಸ್ತಿಪತ್ರ ಬರೆಯುವವನ ಜೊತೆ ಕೂತಿದ್ದ. ಊಟವಾದ ಮೇಲೆ ನಮ್ಮಿಬ್ಬರನ್ನೂ ಅಮ್ಮನನ್ನೂ ಕರೆದ.

"ಒಂದು ಸಣ್ಣ ಕೆಲಸ ಐತಿ. ಇಲ್ಲಿ ಸಹಿ ಮಾಡ್ರಿ, ನಾಳೆ ರಿಜಿಸ್ಟ್ರಿ ಆಫೀಸಿಗೆ ಹೋಗಿ ಲಗೂನ ಬಂದುಬಿಡೂಣು" ಎಂದ.

ಪತ್ರ ಬರೆಯುವವನು ಓದಿ ಹೇಳಿದ. ಮನೆ ಮತ್ತು ಅಂಗಡಿಯಲ್ಲಿ ನಮಗಿರುವ ಹಕ್ಕನ್ನು ಯಾರ ಒತ್ತಾಯವೂ ಇಲ್ಲದೆ, ಸ್ವಖುಷಿಯಿಂದ ಬಿಟ್ಟುಕೊಟ್ಟಿದ್ದೇವೆ ಎಂದು ಅದರಲ್ಲಿತ್ತು. ತಂಗಿ ಮೊದಲಿನಿಂದಲೂ ಬಾಯಿ ಜೋರು. "ಖುಷಿ ಯಾರಿಗಾತು, ಭಾಯಿ?" ಎಂದು ನಕ್ಕಳು. ಅಣ್ಣನೂ ನಕ್ಕ. "ಹಂಗ ಬರೀತಾರ, ಪದ್ಧತಿ" ಎಂದ. ಅಮ್ಮ ನಮ್ಮ ಮುಖ ನೋಡಿ, "ಮುಂದನೂ ಹಬ್ಬಕ್ಕ ಬರಾವ್ರು ಹೌದಲ್ಲೋ ನೀವು?" ಎಂದು ಕೇಳಿದಳು. ತವರಿಗೆ ಬರುವ ದಾರಿ ಯಾವುದು ಎಂದು ಅಷ್ಟರಲ್ಲೇ ತಿಳಿಯಿತು. ಸಹಿ ಮಾಡಿದೆವು. ಅಮ್ಮ ಹೆಬ್ಬೆಟ್ಟು ಒತ್ತಿದಳು. ಅಣ್ಣ ಒಬ್ಬೊಬ್ಬಳಿಗೆ ಒಂದೊಂದು ರೇಷ್ಮೆ ಸೀರೆ ಕೊಡಿಸಿದ. ನಮ್ಮ ಕಡೆ ಅಕ್ಕತಂಗಿಯರೆಲ್ಲ ಹೀಗೇ ಮಾಡುತ್ತಾರೆ, ಹಿಂದೂಗಳ ಮನೆಯಲ್ಲೂ ಇದೇ ನಡೆಯುತ್ತದೆ. ಆ ಒಂದು ವಿಷಯದಲ್ಲಿ ಊರಿನ ಒಗ್ಗಟ್ಟು ನೋಡುವಂಥದ್ದು.

ಕೆಲವು ವರ್ಷ ಕಳೆದವು. ತಂಗಿಯ ಗಂಡ ಇನ್ನೊಂದು ಮದುವೆ ಮಾಡಿಕೊಂಡು, ಇವಳಿಗೆ ತಲಾಖ್ ಹೇಳಿ, ಸಣ್ಣ ಮಗಳ ಜೊತೆ ಹೊರಗೆ ಹಾಕಿದ. ನನ್ನ ಮನೆಗೆ ಬಂದ ಅವಳ ಸಾಮಾನು ತರಲು ನಾನು ಹಾವೇರಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಕುರಾನಿನ ಕನ್ನಡ ಅನುವಾದ ಕಂಡಿತು, ಕೊಂಡೆ. ನನಗೆ ಬೇಕಾಗಿದ್ದದ್ದು ಸಬರ್, ಅಂದರೆ ತಾಳ್ಮೆ. ತಾಳ್ಮೆಯ ಬಗ್ಗೆ ಒಳ್ಳೆಯ ನಾಲ್ಕು ಮಾತು ಹುಡುಕಿ ತಂಗಿಗೆ ಓದಿ ಹೇಳಬೇಕು ಎಂದಿತ್ತು.

ಮನೆಗೆ ಬಂದು ಅಡುಗೆಯ ನಡುವೆ ತಾಳ್ಮೆ ಹುಡುಕುತ್ತ ಹಾಳೆ ತಿರುವಿದವಳಿಗೆ ನಿಸಾ ಸಿಕ್ಕಿತು. ತಂದೆತಾಯಿ, ಹತ್ತಿರದ ಬಂಧುಗಳು ಬಿಟ್ಟುಹೋದದ್ದರಲ್ಲಿ ಗಂಡಸರಿಗೆ ಪಾಲಿದೆ, ಹೆಂಗಸರಿಗೂ ಪಾಲಿದೆ. ಬಿಟ್ಟುಹೋದದ್ದು ಕಡಿಮೆಯಿರಲಿ ಹೆಚ್ಚಿರಲಿ, ಇದು ನಿಗದಿಯಾದ ಪಾಲು ಎನ್ನುತ್ತದೆ ಅದು. ಮುಂದೆ ಮಗನಿಗೆ ಎಷ್ಟು, ಮಗಳಿಗೆ ಎಷ್ಟು, ಹೆಂಡತಿಗೆ ಎಷ್ಟು ಎಂದು ಬಿಡಿಸಿ ಹೇಳುತ್ತದೆ. ನಮಾಜು ಹೇಗೆ ಮಾಡಬೇಕು ಎಂದು ಸಹ ಇಷ್ಟು ಬಿಡಿಸಿ ಹೇಳಿದ್ದು ನಾನು ಕಾಣೆ. ಪಕ್ಕದಲ್ಲೇ ಅರಬ್ಬಿ ಇತ್ತು. ಅದರ ಮೇಲೆ ಕಣ್ಣಾಡಿಸಿದ ಕೂಡಲೇ ನಾಲಿಗೆ ತಾನಾಗಿಯೇ ಓದಿತು. ಆಗ ಗೊತ್ತಾಯಿತು, ನಲವತ್ತರ ದಿನ ನಾನು ನಡುಮನೆಯಲ್ಲಿ ಕೂತು ರಾಗವಾಗಿ ಓದಿದ್ದು ಇದನ್ನೇ. ನನ್ನ ಪಾಲನ್ನು ನಾನೇ ಗಟ್ಟಿಯಾಗಿ ಓದಿ, ಎದ್ದು ಕೈ ತೊಳೆದು, ಊಟ ಮಾಡಿ, ಹೋಗಿ ಸಹಿ ಹಾಕಿದ್ದೆ. ಆವತ್ತು ಆ ಮನೆಯಲ್ಲಿ ಸೇರಿದ್ದ ಅಷ್ಟು ಹೆಂಗಸರ ಕಿವಿಗೂ ಅದು ಬಿದ್ದಿತ್ತು. ಅವರೂ ಚೆಂದ ಓದಿದಳು ಎಂದು ಹೊಗಳಿ ಮನೆಗೆ ಹೋಗಿದ್ದರು.

ಒಲೆಯ ಮೇಲಿನ ಬೇಳೆ ಸೀದುಹೋಯಿತು.

ಅದೇ ಹೊತ್ತಿಗೆ ತಂಗಿ ಬ್ಯಾಡಗಿಗೆ ಹೋಗಿ ಅಣ್ಣನನ್ನು ಕೇಳಿದ್ದಳು. ಅವಳು ಕೇಳಿದ್ದು ಅರ್ಧ ಮನೆಯನ್ನಲ್ಲ. ಬೀದಿ ಕಡೆ ಒಂದು ಕೋಣೆಯಿತ್ತು, ಅಣ್ಣ ಅದರಲ್ಲಿ ಗೋಣಿಚೀಲದ ಕಟ್ಟು ಒಟ್ಟಿದ್ದ. ಆ ಕೋಣೆ ಖಾಲಿ ಮಾಡಿಕೊಟ್ಟರೆ ಮಗಳನ್ನು ಕಟ್ಟಿಕೊಂಡು ಇರುತ್ತೇನೆ, ನನ್ನ ಒಲೆ ನಾನು ಹಚ್ಚಿಕೊಳ್ಳುತ್ತೇನೆ ಎಂದಿದ್ದಳು. "ನೀ ಸ್ವಖುಷಿಲೆ ಬರದು ಕೊಟ್ಟೀದಿ. ಈಗ ಬಂದು ಕೇಳಿದ್ರ ಹೆಂಗ?" ಎಂದನಂತೆ. ಪದ್ಧತಿಗಾಗಿ ಬರೆದ ಪದ ಈಗ ಅವಳೇ ಆಡಿದ ಮಾತಾಗಿತ್ತು.

ಅನುವಾದವನ್ನು ಚೀಲಕ್ಕೆ ಹಾಕಿಕೊಂಡು ಬ್ಯಾಡಗಿಗೆ ಹೋದೆ. ಅಣ್ಣ ಕೆಟ್ಟ ಮನುಷ್ಯ ಎಂದು ಊರಲ್ಲಿ ಯಾರೂ ಹೇಳುವುದಿಲ್ಲ. ಐದು ಹೊತ್ತಿನ ನಮಾಜು ಬಿಟ್ಟವನಲ್ಲ. ಅವನ ಎದುರು ಕೂತು ಆ ಸಾಲುಗಳನ್ನು ಓದಿದೆ. ಅಲ್ಲಾನ ಮಾತು ಅಂದರೆ ಎದೆ ನಡುಗುತ್ತದೆ ಎಂದು ನಂಬಿದ್ದೆ. ಅವನು ಪೂರ್ತಿ ಕೇಳಿದ, ಮರ್ಯಾದೆಯಿಂದ ಪುಸ್ತಕ ಕೈಗೆ ತಗೊಂಡ, ಹಿಂದಿನ ಸಾಲುಗಳ ಮೇಲೆ ಬೆರಳಾಡಿಸಿದ. ಕನ್ನಡ ಶಾಲೆಯಲ್ಲಿ ಓದಿದವನಲ್ಲವೇ.

"ಇಲ್ಲಿ ನೋಡು. ಅವರು ಮನಸಾರೆ ಬಿಟ್ಟುಕೊಟ್ರ ಖುಷಿಯಿಂದ ತಿನ್ರಿ ಅಂತ ಐತಿ."

"ಭಾಯಿ, ಅದು ಮೆಹರಿನ ಮಾತು. ಗಂಡ ಹೆಂಡತಿಗೆ ಕೊಡೋದರ ಬಗ್ಗೆ. ಪಾಲಿನ ಮಾತಲ್ಲ."

"ಖುಷಿ ಅಂದ್ರ ಖುಷಿನ. ಮೆಹರಿಗೊಂದು ಖುಷಿ, ಮನಿಗೊಂದು ಖುಷಿ ಇರತೈತೇನು?"

ನಾನು ಇಷ್ಟು ವರ್ಷದ ಮೇಲೆ ಕಂಡುಕೊಂಡದ್ದಕ್ಕೆ ಉತ್ತರವನ್ನು ಅವನು ಒಂದು ಚಹಾ ಆರುವುದರೊಳಗೆ ಹುಡುಕಿಬಿಟ್ಟ. ಓದುವವರಿಗೆ ಬೇಕಾದ ಕಡೆ ಪುಸ್ತಕ ತೆರೆದುಕೊಳ್ಳುತ್ತದೆ ಎಂಬುದು ನನಗೆ ಆ ದಿನ ಆದ ಪಾಠ. ಅಷ್ಟೇ ಆಗಿದ್ದರೆ ಸರಿ. ನಾನು ಸಹ ಬೇಕಾದದ್ದನ್ನೇ ಹುಡುಕಿಕೊಂಡು ಹೋದವಳು ಎಂಬ ಅನುಮಾನ ಅವನು ನನ್ನ ತಲೆಯಲ್ಲಿ ಹಾಕಿದ. ಅದಕ್ಕೇ ಅವನ ಮೇಲೆ ನನಗೆ ಹೆಚ್ಚು ಸಿಟ್ಟು.

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ನಾನು ಹೊರಡುವಾಗ ಸಣ್ಣ ದನಿಯಲ್ಲಿ, "ನಾ ಇವನ ಮನಿಯಾಗ ಉಣ್ಣಾಕಿ, ನನ್ನ ಮಾರಿ ನೋಡಿ ಸುಮ್ಮನಿರ್ರಿ" ಎಂದಳು. ಅಬ್ಬಾ ಬಿಟ್ಟುಹೋದದ್ದರಲ್ಲಿ ಎಂಟರಲ್ಲಿ ಒಂದು ಪಾಲು ಅಮ್ಮನದೂ ಇತ್ತು. ಅದನ್ನು ಹೇಳದೆ ಬಸ್ಸು ಹತ್ತಿದೆ.

ಜಮಾತಿನ ಹಿರಿಯರೊಬ್ಬರ ಮನೆಗೆ ತಂಗಿಯೂ ನಾನೂ ಹೋದೆವು. ಅವರು ಸಮಾಧಾನದಿಂದ ಕೇಳಿ, "ಸಬರ್ ಮಾಡ್ರಿ. ಸಬರ್ ಮಾಡಿದವರ ಕೂಡ ಅಲ್ಲಾ ಇರತಾನ" ಎಂದರು. ಕುರಾನಿನಲ್ಲಿ ಅದೂ ಇದೆ, ನಾನು ಹುಡುಕಲು ಹೋಗಿದ್ದದ್ದು ಅದನ್ನೇ. ಆದರೆ ತಂಗಿಗೆ ತಿರುಗಿ ಒಂದು ಮಾತು ಕೇಳುವ ಚಟ. "ನಿಮ್ಮ ಅಕ್ಕತಂಗ್ಯಾರೂ ಸಬರ್ ಮಾಡ್ಯಾರೇನ್ರಿ?" ಎಂದಳು. ಹಿರಿಯರ ಮುಖ ಕೆಂಪಾಯಿತು. ಚಹಾ ಬರಲಿಲ್ಲ.

ಮನೆಗೆ ಬಂದು ಮತ್ತೆ ಓದಿದೆ. ಈ ಸಲ ಏನನ್ನೂ ಹುಡುಕಬಾರದು, ಸಿಕ್ಕಿದ್ದನ್ನು ಓದಬೇಕು ಎಂದು ಹಟ ಹಿಡಿದು ಓದಿದೆ. ನ್ಯಾಯದ ಪರ ಗಟ್ಟಿಯಾಗಿ ನಿಲ್ಲಿ, ಸಾಕ್ಷಿ ನಿಮಗೇ ವಿರುದ್ಧವಾದರೂ, ನಿಮ್ಮ ತಂದೆತಾಯಿಗೆ, ಬಂಧುಗಳಿಗೆ ವಿರುದ್ಧವಾದರೂ ಹೇಳಿ ಎಂಬ ಮಾತು ಅದೇ ಅಧ್ಯಾಯದಲ್ಲಿ ಮುಂದೆ ಸಿಕ್ಕಿತು. ಇದು ನನಗೆ ಇಷ್ಟವಾದ ಮಾತಲ್ಲ. ಅಮ್ಮನ ಮುಖ ನೋಡಬೇಡ ಎನ್ನುವ ಮಾತು ಯಾವ ಮಗಳಿಗೆ ಇಷ್ಟವಾದೀತು? ಆದರೂ ಅಂದಿನಿಂದ ಕೇಳಿದವರಿಗೆಲ್ಲ ಇದ್ದದ್ದು ಇದ್ದ ಹಾಗೆ ಹೇಳತೊಡಗಿದೆ. ಫಲ ಬೇಗ ಸಿಕ್ಕಿತು. ಆ ವರ್ಷದ ರಂಜಾನಿಗೆ ತವರಿನಿಂದ ಕರೆ ಬರಲಿಲ್ಲ. ಬ್ಯಾಡಗಿ ಸ್ಟೇಷನ್ನಿನಲ್ಲಿ ಅತ್ತಿಗೆ ಎದುರಾದಾಗ ಮುಖ ತಿರುಗಿಸಿಕೊಂಡು ಹೋದಳು.

ತಂಗಿ ಬ್ಯಾಡಗಿಯಲ್ಲೇ ಕೋಲ್ಡ್ ಸ್ಟೋರೇಜಿನ ಹಿಂದಿನ ಸಾಲಿನಲ್ಲಿ ಬಾಡಿಗೆಗೆ ಒಂದು ಕೋಣೆ ಹಿಡಿದು, ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋದಳು. ಸಂಜೆ ಕೈ ಉರಿಗೆ ಮಗಳ ತಲೆ ಬಾಚಲು ಆಗುತ್ತಿರಲಿಲ್ಲ. ಪಕ್ಕದ ಮನೆಯವಳು ಬಾಚುತ್ತಿದ್ದಳು. ಮಳೆಗಾಲದಲ್ಲಿ ನೆಲ ಒಸರಿತು. ಹಾಸಲು ಹಳೆಯ ಗೋಣಿಚೀಲ ನಾಲ್ಕು ಕೊಡು ಎಂದು ಅಣ್ಣನಿಗೆ ಹೇಳಿ ಕಳಿಸಿದಳು. ಸ್ಟಾಕ್ ಇಲ್ಲ ಎಂದು ಉತ್ತರ ಬಂತು. ಗೋಣಿಚೀಲದ ಅಂಗಡಿಯಲ್ಲಿ ಗೋಣಿಚೀಲ ಇಲ್ಲ!

ಕುರಾನಿನ ಕೊನೆಯಲ್ಲಿ ಒಂದು ಪುಟ್ಟ ಅಧ್ಯಾಯವಿದೆ. ಚಿಕ್ಕದೆಂದು ಎಲ್ಲರೂ ನಮಾಜಿನಲ್ಲಿ ಅದನ್ನೇ ಓದುತ್ತಾರೆ, ಅಣ್ಣನೂ ಓದುತ್ತಾನೆ. ತಬ್ಬಲಿಯನ್ನು ದಬ್ಬುವವರಿಗೂ, ಜನ ನೋಡಲೆಂದು ನಮಾಜು ಮಾಡುತ್ತ ದಿನಬಳಕೆಯ ಸಣ್ಣಪುಟ್ಟ ವಸ್ತುವನ್ನು ಕೊಡಲು ಒಲ್ಲೆ ಎನ್ನುವವರಿಗೂ ಅದರಲ್ಲಿ ಎಚ್ಚರಿಕೆಯಿದೆ. ಅರ್ಥ ಗೊತ್ತಿಲ್ಲದೆ ಓದಿದ್ದಕ್ಕೆ ನಾನು ಕಳೆದುಕೊಂಡೆ. ಅರ್ಥ ಗೊತ್ತಿಲ್ಲದ್ದು ಅವನಿಗೆ ಲಾಭವೇ ಆಯಿತು.

ಒಂದು ವರ್ಷ ಅಣ್ಣನಿಗೆ ಹಜ್ಜಿಗೆ ಹೋಗುವ ಅವಕಾಶ ಸಿಕ್ಕಿತು. ನಮ್ಮಲ್ಲಿ ಹಜ್ಜಿಗೆ ಹೊರಟವರು ಬಂಧುಬಳಗದ ಮನೆಮನೆಗೆ ಹೋಗಿ "ಕಹಾ-ಸುನಾ ಮಾಫ್ ಮಾಡ್ರಿ" ಎಂದು ಕೇಳುವ ರೂಢಿ. ಅಂದದ್ದು, ಕೇಳಿಸಿಕೊಂಡದ್ದು, ಎಲ್ಲ ಕ್ಷಮಿಸಿ ಎಂದು. ಯಾರೂ ಇಲ್ಲ ಎನ್ನುವುದಿಲ್ಲ. ಕೇಳುವುದರೊಳಗೆ ಅಪ್ಪಿಕೊಂಡು ಅತ್ತುಬಿಡುತ್ತಾರೆ. ಅಣ್ಣ ಸಿಹಿ ಪೊಟ್ಟಣ ಹಿಡಿದು ಅತ್ತಿಗೆಯ ಜೊತೆ ತಂಗಿಯ ಕೋಣೆಗೆ ಬಂದ ದಿನ ನಾನೂ ಅಲ್ಲಿದ್ದೆ. ತಲೆ ಬಗ್ಗಿಸಿ ಒಳಗೆ ಬಂದ, ಅಷ್ಟು ಗಿಡ್ಡ ಬಾಗಿಲು.

"ಹೊಂಟೇನಿ. ಇಬ್ಬರೂ ಕಹಾ-ಸುನಾ ಮಾಫ್ ಮಾಡ್ರಿ" ಎಂದ. ಅವನ ಕಣ್ಣಲ್ಲಿ ನೀರಿತ್ತು, ಸುಳ್ಳು ಹೇಳಲಾರೆ. ಆಮೇಲೆ ನನ್ನ ಕಡೆ ತಿರುಗಿ, "ಮಾಫ್ ಮಾಡಿದವರ ಮ್ಯಾಲ ಅಲ್ಲಾ ಪ್ರೀತಿ ಇಡತಾನಂತ. ನೀ ಓದಿರಬೇಕಲ್ಲಾ?" ಎಂದ.

ಓದಿದ್ದೆ. ಮಾತಾಡಿದ್ದು ತಂಗಿ.

"ಅಂದದ್ದು ಮಾಫ್, ಭಾಯಿ. ನಾನೂ ಭಾಳ ಅಂದೇನಿ, ನೀನೂ ಮಾಫ್ ಮಾಡು. ಕೇಳಿದ್ದೂ ಮಾಫ್. ತಗೊಂಡದ್ದು ಅದರಾಗ ಬರಂಗಿಲ್ಲ. ಅದನ್ನ ಕೊಟ್ಟು ಹೋಗು."

"ಹಜ್ಜಿಗೆ ಹೋಗಾವ್ರ ಮುಂದ ಆಡೋ ಮಾತೇನವಾ ಇದು?" ಎಂದು ಅತ್ತಿಗೆ ಗದರಿದಳು. ಅಣ್ಣ ಪೊಟ್ಟಣವನ್ನು ಕೈಯಿಂದ ಕೈಗೆ ಬದಲಿಸಿದ. ಕೊಡುತ್ತೇನೆ ಎನ್ನುತ್ತಾನೇನೋ ಎಂದು ನಾನು ಕಾದೆ. "ಬಂದ ಮ್ಯಾಲ ಮಾತಾಡೂಣು" ಎಂದು ಪೊಟ್ಟಣ ಇಟ್ಟು ಹೋದ.

ಹೋದ, ಹೂವಿನ ಹಾರ ಹಾಕಿಸಿಕೊಂಡು ಬಂದ. ಅಂಗಡಿಯ ಬೋರ್ಡಿನಲ್ಲಿ ಅವನ ಹೆಸರಿನ ಮುಂದೆ ಹಾಜಿ ಎಂದು ಸೇರಿತು. ಮಾತಾಡಲು ಮಾತ್ರ ಬರಲಿಲ್ಲ. ಆ ಕೋಣೆಯಲ್ಲಿ ಈಗಲೂ ಚೀಲದ ಕಟ್ಟುಗಳಿವೆ.

ತಂಗಿಗೂ ಊರಲ್ಲಿ ಒಂದು ಹೆಸರು ಬಂತು. ಹಜ್ಜಿಗೆ ಹೊರಟ ಒಡಹುಟ್ಟಿದವನಿಗೆ ಮಾಫಿ ಕೊಡದ ಹೆಣ್ಣು. ತೊಟ್ಟು ಬಿಡಿಸಲು ಹೊಸದಾಗಿ ಬಂದವರು ಅವಳ ಪಕ್ಕ ಕೂತ ಕೂಡಲೇ ದನಿ ತಗ್ಗಿಸಿ ಕೇಳುತ್ತಾರೆ: "ನೀ ಮಾಫ್ ಮಾಡಲಿಲ್ಲಂತ, ಖರೇನ?" ಅವಳು ಕೈ ನಿಲ್ಲಿಸದೆ, "ಖರೇ" ಎನ್ನುತ್ತಾಳೆ. ಯಾತಕ್ಕ ಮಾಡಲಿಲ್ಲ ಎಂದು ಈವರೆಗೆ ಒಬ್ಬರೂ ಕೇಳಿಲ್ಲ.