ಅತ್ತೆಯ ತಾಟಿನಲ್ಲಿ ಉಂಡ ಮೊಲ

ಆ ಮೊಲವನ್ನು ನಾವು ಬಯಸಿ ತಂದವರಲ್ಲ. ದಾಂಡೇಲಿಯ ಕಾಗದದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯವರು ರಿಟೈರ್ ಆಗಿ ಬೆಳಗಾವಿ ಕಡೆಯ ತಮ್ಮ ಊರಿಗೆ ಹೊರಟಿದ್ದರು. ಕಪಾಟು, ಮಂಚ, ಹೊಲಿಗೆ ಮಷೀನು ಎಲ್ಲ ಲಾರಿ ಏರಿದ ಮೇಲೆ ಅಂಗಳದಲ್ಲಿ ಒಂದು ಪಂಜರ ಉಳಿಯಿತು. "ಎರಡ ದಿನ ಇಟಗೋರಿ, ಬಂದು ಒಯ್ತೇವಿ" ಎಂದರು. ಅವರು ಬರಲಿಲ್ಲ, ನಾವೂ ಕರೆಯಲಿಲ್ಲ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು.

ನನಗೆ ಪ್ರಾಣಿಗಳೆಂದರೆ ಅಷ್ಟಕ್ಕಷ್ಟೆ. ಗುಡಿಸಿದ ನೆಲದ ಮೇಲೆ ಕರಿ ಮೆಣಸಿನ ಕಾಳಿನಂಥ ಹಿಕ್ಕೆ ಉದುರಿಸಿಕೊಂಡು ತಿರುಗುವ ಆ ಬಿಳಿ ಮೊಲದ ಮೇಲೆ ನಾನು ದಿನಕ್ಕೆ ಹತ್ತು ಸಲ ರೇಗುತ್ತಿದ್ದೆ. ಅದನ್ನು ಹಚ್ಚಿಕೊಂಡವರು ನನ್ನ ಅತ್ತೆ. ಧಾರವಾಡದ ಹತ್ತಿರದ ಹಳ್ಳಿಯಲ್ಲಿ ಎಮ್ಮೆ ಎತ್ತುಗಳ ನಡುವೆ ಬಾಳಿದ ಹೆಂಗಸು. ನಮ್ಮ ಎರಡು ಕೋಣೆಯ ಮನೆಗೆ ಬಂದ ಮೇಲೆ ಕೈಗೆ ಕೆಲಸವಿಲ್ಲದೆ ಕುಳಿತಿದ್ದರು. ಮೊಲ ಬಂದ ವಾರದೊಳಗೆ ಅದು ಅವರಿಗೆ "ಕೂಸು" ಆಯಿತು. ಹಿತ್ತಲಲ್ಲಿ ಬೇಕಾದಷ್ಟು ಹುಲ್ಲಿತ್ತು. "ಒಂದ ಹಿಡಿ ಹುಲ್ಲ ಕಿತ್ತ ಹಾಕ್ರಿ ಅತ್ತೇರ, ತಿಂತೈತಿ" ಎಂದು ನಾನು ಹೇಳಿದರೆ ಅವರಿಗೆ ಸಿಟ್ಟು ಬರುತ್ತಿತ್ತು.

"ಹುಲ್ಲ ಹಾಕಾಕ ಅದೇನ ಎಮ್ಮಿ ಏನು? ಮನಿಯೊಳಗ ಇರೂ ಕೂಸಿಗೆ ಯಾರರ ಹುಲ್ಲ ಹಾಕ್ತಾರೇನ?"

ಮೊಲ ಬರುವ ಹಿಂದಿನ ವರ್ಷ ಅತ್ತೆಯ ಹಲ್ಲುಗಳನ್ನೆಲ್ಲ ಕೀಳಿಸಿದ್ದೆವು. ಕಟ್ಟಿಸಿದ ಹಲ್ಲು ಒತ್ತುತ್ತದೆ ಎಂದು ಅದನ್ನು ಸ್ಟೀಲ್ ಡಬ್ಬಿಗೆ ಹಾಕಿ ದೇವರ ಮಾಡದಲ್ಲಿ ಇಟ್ಟುಬಿಟ್ಟಿದ್ದರು. ಜೋಳದ ರೊಟ್ಟಿ ಮಾತ್ರ ಬಿಡಲಿಲ್ಲ. ರೊಟ್ಟಿ ಮುರಿದು, ಬಿಸಿ ಹಾಲು ಸುರಿದು, ಮೆತ್ತಗೆ ಕಿವುಚಿ ಉಣ್ಣುತ್ತಿದ್ದರು. ಮಧ್ಯಾಹ್ನ ತಾಟು ಹಿಡಿದು ಹಿತ್ತಲ ಬಾಗಿಲಲ್ಲಿ ಕೂರುವುದು. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ ಎನ್ನುತ್ತಿದ್ದರು. ಮೊಲ ಬಂದು ಮುಂಗಾಲು ತಾಟಿನ ಅಂಚಿಗೆ ಇಟ್ಟು ಅದೇ ಹಾಲುರೊಟ್ಟಿ ತಿನ್ನುತ್ತಿತ್ತು. ನನಗೆ ಅದು ಹೇಸಿಗೆ ಅನಿಸುತ್ತಿತ್ತು. ಹೇಳಿಯೂ ಹೇಳಿದೆ. ಕೇಳುವವರು ಯಾರು?

ಒಂದು ದೀಪಾವಳಿ ಮುಗಿದ ಮೇಲೆ ಮೊಲ ತಿನ್ನುವುದನ್ನು ಕಡಿಮೆ ಮಾಡಿತು. ತಾಟಿನ ತನಕ ಬರುವುದು, ಮೂಸುವುದು, ಹಿಂದೆ ಸರಿಯುವುದು. ಬಾಯಿಂದ ಜೊಲ್ಲು ಸೋರಿ ಗದ್ದದ ಕೂದಲು ಅಂಟಂಟಾಯಿತು. ಅತ್ತೆ ಉಪ್ಪು ಮೆಣಸಿನಕಾಯಿ ಇಳಿಸಿ ದೃಷ್ಟಿ ತೆಗೆದರು, ಓಮಿನ ಕಾಳು ಕುದಿಸಿದ ನೀರು ಬಾಯಿಗೆ ಬಿಟ್ಟರು. ಮೂರನೆಯ ದಿನ ಅದು ಪಂಜರದ ಮೂಲೆಯಲ್ಲಿ ಮೈ ಉಬ್ಬಿಸಿಕೊಂಡು ಕುಳಿತದ್ದು ಏಳಲೇ ಇಲ್ಲ. ಅತ್ತೆಯೂ ಅವತ್ತು ಉಣ್ಣಲಿಲ್ಲ.

ದಾಂಡೇಲಿಯ ದನದ ದವಾಖಾನೆಗೆ ಒಯ್ದೆವು. ಅಲ್ಲಿನ ಡಾಕ್ಟರು ಮೊಲವನ್ನು ಎತ್ತಿ ನೋಡಿ, ಹೊಟ್ಟೆ ಮುಟ್ಟಿ, ಸಂಕೋಚದಿಂದ ತಲೆ ಕೆರೆದುಕೊಂಡರು.

"ನಾ ಎಮ್ಮಿ ಆಕಳದ ಡಾಕ್ಟರ್ ರೀ ಅಮ್ಮಾರ. ಇದರ ಬಾಯಾಗ ಏನೋ ಆಗೈತಿ ಅನ್ನೂದಷ್ಟ ತಿಳೀತೈತಿ. ಮುಂಡಗೋಡದಾಗ ಒಬ್ಬ ಡಾಕ್ಟರಬಾಯಾರು ಅದಾರ. ಮೊದಲ ಎಲ್ಲೋ ಉತ್ತರದ ಕಡೆ ಉಣ್ಣೆಗಂತ ಮೊಲ ಸಾಕೂ ಫಾರ್ಮಿನ್ಯಾಗ ಹತ್ತು ವರ್ಷ ಕೆಲಸ ಮಾಡ್ಯಾರ. ಮೊಲದ ಜಡ್ಡು ಅಂದ್ರ ಅವರನ್ನ ನೋಡಬೇಕು. ಇವತ್ತ ಹೋಗ್ರಿ, ನಾಳಿ ಅನಬ್ಯಾಡ್ರಿ."

ತನಗೆ ಗೊತ್ತಿಲ್ಲ ಎಂದು ಬಾಯಿ ಬಿಟ್ಟು ಹೇಳಿದ ಡಾಕ್ಟರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಒಂದು ಚೀಟಿ ಬರೆದು ಕೊಟ್ಟರು, ಅಷ್ಟೇ ಅಲ್ಲ, ಎದುರಿನ ಎಸ್‌ಟಿಡಿ ಬೂತಿಗೆ ತಾವೇ ನಡೆದು ಹೋಗಿ ಆ ಡಾಕ್ಟರಮ್ಮನಿಗೆ ಫೋನ್ ಮಾಡಿ ತಿಳಿಸಿದರು. ಸುಮ್ಮನೆ ಒಂದು ಟಾನಿಕ್ ಬರೆದುಕೊಟ್ಟು ಕಳಿಸಿದ್ದರೆ ನಮಗೇನು ಗೊತ್ತಾಗುತ್ತಿತ್ತು!

ನಮ್ಮ ಮನೆಯವರು ಫಸ್ಟ್ ಶಿಫ್ಟಿನಲ್ಲಿದ್ದರು. ಅವರಿಗೆ ತಿಳಿಸಲು ಎದುರು ಮನೆಯಲ್ಲಿ ಹೇಳಿಟ್ಟು ಅತ್ತೆ, ನಾನು ಹೊರಟೆವು. ಪಂಜರ ಬಸ್ಸಿಗೆ ಏರುವಂತಿರಲಿಲ್ಲ. ಅತ್ತೆ ಹಿಂದೆ ಮುಂದೆ ನೋಡದೆ ರೊಟ್ಟಿ ಬುಟ್ಟಿ ಖಾಲಿ ಮಾಡಿ, ತಮ್ಮ ಹಳೆಯ ಇಲಕಲ್ ಸೀರೆಯ ತುಂಡು ಹಾಸಿ, ಅದರಲ್ಲಿ ಮೊಲವನ್ನು ಕೂರಿಸಿ ಮೇಲೊಂದು ತೆಳು ಬಟ್ಟೆ ಕಟ್ಟಿದರು. ಬುಟ್ಟಿ ಇನ್ನು ರೊಟ್ಟಿಗೆ ಉಪಯೋಗವಿಲ್ಲ ಎಂದು ನಾನು ಗೊಣಗಿದೆ. ಅವರು ಕಿವಿಗೇ ಹಾಕಿಕೊಳ್ಳಲಿಲ್ಲ.

ಹಳಿಯಾಳದ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕುಳಿತಿದ್ದೆವು. ಕಂಡಕ್ಟರ್ ಹತ್ತಿರ ಬಂದು ಬುಟ್ಟಿ ನೋಡಿದ.

"ಏನೈತ್ರಿ ಇದರಾಗ?"

"ರೊಟ್ಟಿ ಅದಾವಪಾ" ಎಂದರು ಅತ್ತೆ. ಜೀವಮಾನದಲ್ಲಿ ಸುಳ್ಳು ಹೇಳದ ಹೆಂಗಸು.

ಅವನು ಬಟ್ಟೆ ಮೇಲೆ ಕೆಳಗೆ ಆಗುವುದನ್ನು ಸ್ವಲ್ಪ ಹೊತ್ತು ನೋಡಿದ. "ನಿಮ್ಮ ರೊಟ್ಟಿ ಉಸಿರಾಡಾಕತ್ತಾವಲ್ರಿ ಅಮ್ಮಾರ!"

ಅತ್ತೆಯ ಕಣ್ಣಲ್ಲಿ ನೀರು ಬಂತು. ಜಡ್ಡಾಗಿದೆ, ಮುಂಡಗೋಡಕ್ಕೆ ಒಯ್ಯುತ್ತಿದ್ದೇವೆ ಎಂದು ನಾನು ಹೇಳಿದೆ. ಅವನು ಬೈಯುತ್ತಾನೆ, ಇಳಿಸುತ್ತಾನೆ, ನಾನೂ ಅವನಿಗೆ ನಾಲ್ಕು ಮಾತು ಆಡಬೇಕು ಎಂದು ಟೊಂಕ ಕಟ್ಟಿಕೊಂಡಿದ್ದೆ. ಆತ ಮುಂದಿನ ಸೀಟಿನಲ್ಲಿದ್ದ ಇಬ್ಬರನ್ನು ಎಬ್ಬಿಸಿ, "ಅಲ್ಲೆ ಹಿಂದ ಭಾಳ ಜಿಗೀತೈತಿ, ಇಲ್ಲೆ ಕುಂದರ್ರಿ" ಎಂದ. ಹಳಿಯಾಳದಲ್ಲಿ ಇಳಿದ ಮೇಲೆ ಕಲಘಟಗಿಯ ಬಸ್ಸಿನ ತನಕ ಬಂದು, ಅಲ್ಲಿನ ಕಂಡಕ್ಟರನಿಗೂ ಹೇಳಿ ಹೋದ. ನನ್ನ ನಾಲ್ಕು ಮಾತು ಬೇಕಾಗಲೇ ಇಲ್ಲ.

ಕಲಘಟಗಿಯಲ್ಲಿ ಮತ್ತೆ ಬಸ್ ಬದಲಿಸಿ ಮುಂಡಗೋಡ ಮುಟ್ಟುವಾಗ ಮಧ್ಯಾಹ್ನ ಇಳಿದಿತ್ತು. ಡಾಕ್ಟರಬಾಯಾರು ತಮ್ಮ ಮನೆಯ ಪಡಸಾಲೆಯಲ್ಲೇ ನೋಡುತ್ತಿದ್ದರು. ಐವತ್ತರ ಆಸುಪಾಸು, ಕಾಟನ್ ಸೀರೆ, ದಪ್ಪ ಚಷ್ಮಾ. ಆಗಲೇ ಸನವಳ್ಳಿಯಿಂದ ಆಡು ಹಿಡಿದುಕೊಂಡು ಬಂದವನೊಬ್ಬ ಕಾಯುತ್ತಿದ್ದ. ಬಾಯಾರು ಬುಟ್ಟಿಯ ಬಟ್ಟೆ ಸರಿಸಿ ನೋಡಿದ್ದೇ ಅವನಿಗೆ, "ಸ್ವಲ್ಪ ತಡೀಪಾ, ಇದು ಕಾಯೂ ಹಂಗಿಲ್ಲ" ಎಂದರು. ಅವನು ಬೇಸರ ಮಾಡಿಕೊಳ್ಳದೆ ಆಡನ್ನು ಎಳೆದುಕೊಂಡು ಹೊರಗೆ ಹೋದ.

ಬಾಯಾರು ಮೊಲವನ್ನು ಟವೆಲ್ಲಿನಲ್ಲಿ ಸುತ್ತಿದರು, ಮುಖ ಮಾತ್ರ ಹೊರಗೆ. ಕಿವಿ ನೋಡುವ ಸಣ್ಣ ಬ್ಯಾಟರಿ ದೀಪ ಬಾಯಿಯೊಳಗೆ ಬಿಟ್ಟು ಇಣುಕಿದರು. ಒಂದು ನಿಮಿಷವೂ ಆಗಲಿಲ್ಲ.

"ದವಡಿ ಹಲ್ಲು ಬೆಳದು ನಾಲಿಗಿಗೆ ಚುಚ್ಚಾಕತ್ತಾವ. ಬಾಯಿ ತುಂಬ ಹುಣ್ಣಾಗೈತಿ. ಹಸಿವ ಐತಿ ಪಾಪ, ತಿನ್ನಾಕ ಆಗವಲ್ದು."

ಹಲ್ಲು ಕತ್ತರಿಸಿ ಸಾಣೆ ಹಿಡಿಯಬೇಕು, ಅದಕ್ಕೆ ಎಚ್ಚರ ತಪ್ಪಿಸಬೇಕು ಎಂದರು. ಆಮೇಲೆ ಚಷ್ಮಾ ತೆಗೆದು ಅತ್ತೆಯನ್ನೇ ನೋಡಿ ಹೇಳಿದರು: "ಅಜ್ಜಿ, ಮೊಲದ ಜೀವ ಭಾಳ ನಾಜೂಕು. ಇಂಜೆಕ್ಷನ್ ಕೊಟ್ಟ ಮ್ಯಾಲ ಏಳದನೂ ಇರಬಹುದು. ಮಾಡದ ಬಿಟ್ರ ನಾಳಿ ಸಂಜೀತನಕ ಉಳಿಯೂದಿಲ್ಲ. ನೀವ ಹೇಳ್ರಿ."

ಮನೆಯಲ್ಲಿ ಯಾವ ವಿಷಯಕ್ಕೂ ಅತ್ತೆಯನ್ನು ಕೇಳುವ ರೂಢಿ ನಮಗೆ ತಪ್ಪಿಹೋಗಿತ್ತು. ಅವರು ಸೆರಗು ಸರಿಮಾಡಿಕೊಂಡು, "ಮಾಡ್ರಿ ಯವ್ವಾ. ಎದ್ದರ ನಿಮ್ಮ ಪುಣ್ಯೇ. ಏಳಲಿಲ್ಲಂದ್ರ ನಿಮಗ ಏನೂ ಅನ್ನೂದಿಲ್ಲ" ಎಂದರು.

ಹೊರಗಿನ ಕಟ್ಟೆಯ ಮೇಲೆ ಕುಳಿತೆವು. ಅತ್ತೆ ಖಾಲಿ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಆಡಿನವನು ಅತ್ತಿವೇರಿಯ ಕೆರೆಗೆ ಬರುವ ಹಕ್ಕಿಗಳ ಸುದ್ದಿ ಹೇಳಿ ನಮ್ಮ ಮನಸ್ಸು ಬೇರೆ ಕಡೆ ತಿರುಗಿಸಲು ನೋಡಿದ. ನಾನು ಹೂಂಗುಟ್ಟಿದೆ, ಅತ್ತೆಗೆ ಒಂದೂ ಕೇಳಿಸಲಿಲ್ಲ. ಅಷ್ಟು ದಿನ ಯಾವ ಮೊಲದ ಮೇಲೆ ರೇಗಿದ್ದೆನೋ ಅದು ಬದುಕಲಿ ಎಂದು ನಾನು ನಮ್ಮೂರ ದೇವರಿಗೆಲ್ಲ ಹೇಳಿಕೊಂಡೆ.

ಬಾಯಾರು ಕೊನೆಗೆ ಬಾಗಿಲಿಗೆ ಬಂದು, "ಬರ್ರಿ ಒಳಗ, ಕಣ್ಣ ಬಿಡಾಕತ್ತೈತಿ" ಎಂದರು. ಬಿಸಿನೀರಿನ ಚೀಲದ ಪಕ್ಕದಲ್ಲಿ ಮಲಗಿದ್ದ ಮೊಲದ ಒಂದು ಕಿವಿ ಅಲ್ಲಾಡಿತು. ಆಮೇಲೆ ಮೂಗು. ಅತ್ತೆ ನೆಲಕ್ಕೆ ಕುಸಿದು ಕುಳಿತು ಅದರ ಬೆನ್ನ ಮೇಲೆ ಬೆರಳಿಟ್ಟರು.

ಕೈ ತೊಳೆಯುತ್ತ ಬಾಯಾರು ಕೇಳಿದರು: "ಮೊಲದ ಹಲ್ಲು ಸಾಯೂತನಕ ಬೆಳೀತಾವ್ರಿ. ಹುಲ್ಲ ಅಗದ ಅಗದ ಸವೀಬೇಕು. ಇದಕ್ಕ ಏನ ಹಾಕತಿದ್ರಿ?"

ನಾನು ಅತ್ತೆಯ ಕಡೆ ನೋಡಿದೆ. ಹೇಳಿದರೆ ಅತ್ತೆಯ ಕೈತುತ್ತೇ ಅದರ ಜೀವಕ್ಕೆ ಮುಳುವಾಯಿತು ಎಂದು ಅವರ ಮುಖಕ್ಕೇ ಹೇಳಿದಂತೆ.

"ನಾನ ರೀ, ಹಾಲಾಗ ನೆನಿಸಿದ ರೊಟ್ಟಿ ಹಾಕತಿದ್ದೆ" ಎಂದೆ.

"ಸುಳ್ಳ ಹೇಳತಾಳರಿ ಇಕಿ" ಎಂದರು ಅತ್ತೆ, ಮೊಲದಿಂದ ಕಣ್ಣು ತೆಗೆಯದೆ. "ನಾನ ಹಾಕಿದ್ದು. ನನಗ ಹಲ್ಲಿಲ್ಲ, ಅದ ನನ್ನ ಊಟ. ಒಬ್ಬಾಕಿನ ಕುಂತು ಉಂಡ್ರ ಗಂಟಲದಾಗ ಇಳಿಯೂದಿಲ್ಲರಿ ಯವ್ವಾ. ಅದಾದ್ರೂ ಬಂದು ಬಾಜೂಕ ಕುಂದರತಿತ್ತು."

ಬಾಯಾರು ಬೈಯಲಿಲ್ಲ. ಉಪದೇಶವನ್ನೂ ಮಾಡಲಿಲ್ಲ. "ನೀವು ಇಷ್ಟ ಕಾಳಜಿ ಮಾಡಿದ್ದಕ್ಕನ ಇಲ್ಲೀತನಕ ಬಂದು ಮುಟ್ಟೈತ್ರಿ ಅಜ್ಜಿ. ಬಾಯಿ ಮಾಯೂತನಕ ನಾ ಕೊಟ್ಟ ಗಂಜಿ ಪಿಚಕಾರಿಲೆ ಕುಡಸ್ರಿ, ಆಮ್ಯಾಲ ಹುಲ್ಲ ಹಾಕ್ರಿ" ಎಂದರು. ಹಲ್ಲು ಸವೆಸಿದ್ದಕ್ಕಿಂತ ಹೆಚ್ಚಾಗಿ ಆ ಮಾತಿಗೆ ನಾನು ಇವತ್ತಿಗೂ ಅವರಿಗೆ ಋಣಿ.

ಮರಳಿ ಬರುವ ಬಸ್ಸಿನಲ್ಲಿ ಅತ್ತೆ ಬುಟ್ಟಿಯ ಮೇಲೆ ಕೈಯಿಟ್ಟು ತೂಕಡಿಸುತ್ತಿದ್ದರು. ನಾನು ಕಿಟಕಿ ಕಡೆ ಮುಖ ಮಾಡಿ ಕಣ್ಣೀರು ಹಾಕಿದೆ. ಹಿತ್ತಲ ಬಾಗಿಲಲ್ಲಿ ಗಾಳಿ ಬರುತ್ತದೆ ಎಂಬುದು ನೆಪ. ಹಲ್ಲು ಕೀಳಿಸಿದ ಹೊಸತರಲ್ಲಿ ಅವರು ನಮ್ಮೊಟ್ಟಿಗೇ ಉಣ್ಣುತ್ತಿದ್ದರು. ಒಂದು ದಿನ ಅವರ ಬಾಯಿ ಆಡುವುದನ್ನು ನೋಡಿ ನಾನು, "ಅತ್ತೇರ, ನೀವು ಉಣ್ಣೂದು ಥೇಟ್ ಮೊಲಾ ಮೆಲ್ಲಿದ್ಹಂಗ ಕಾಣ್ತೈತಿ ನೋಡ್ರಿ" ಎಂದಿದ್ದೆ. ನಮ್ಮ ಮನೆಯವರು ನಕ್ಕರು. ನಾನೂ ನಕ್ಕೆ. ಅತ್ತೆಯೂ ನಕ್ಕಿದ್ದರು. ಮರುದಿನದಿಂದ ಅವರ ತಾಟು ಹಿತ್ತಲ ಬಾಗಿಲಿಗೆ ಹೋಯಿತು. ನಾನು ಆ ಮಾತನ್ನೇ ಮರೆತಿದ್ದೆ.

ನಾಲ್ಕಾರು ದಿನಕ್ಕೆ ಮೊಲ ಗರಿಕೆ ಅಗಿಯತೊಡಗಿತು. ಅತ್ತೆಯೇ ಕುಡಗೋಲು ಹಿಡಿದು ಹಿತ್ತಲ ಹುಲ್ಲು ಕೊಯ್ದು ಹಾಕುತ್ತಿದ್ದರು. ಮಧ್ಯಾಹ್ನ ನಾನು ಅಡುಗೆಮನೆಗೆ ಬಂದು ನೋಡಿದರೆ, ತಾಟು ಕಂಡರೆ ಮೊಲ ಓಡಿ ಬಂದೀತು ಎಂದು ಹಿತ್ತಲ ಬಾಗಿಲು ಹಾಕಿಕೊಂಡು, ಒಲೆಯ ಪಕ್ಕದ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಅವರು ಉಣ್ಣುತ್ತಿದ್ದರು.

ನಾನು ನನ್ನ ತಾಟು ತಂದು ಪಕ್ಕದಲ್ಲಿ ಕುಳಿತೆ. ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿದೆ. ಒಂದು ತುತ್ತು ಉಂಡು ಹೇಳಿದೆ:

"ಅತ್ತೇರ, ಅವತ್ತ ನಾ ಹಂಗ ಅನಬಾರದಿತ್ತರಿ."

"ಯಾವತ್ತ?" ಎಂದರು ಅತ್ತೆ. ಆಮೇಲೆ ತಾಟು ಎತ್ತಿಕೊಂಡು, ಗೋಡೆಯ ಕಡೆಯಿಂದ ನನ್ನ ಕಡೆಗೆ ತಿರುಗಿ ಕುಳಿತು ಉಂಡರು.